ಉಪಾಧ್ಯಕ್ಷ ಆಗು ಅಂತಿದ್ದಾರೆ, ಆಗುದಾ ಬೇಡ್ವಾ? ಅನುಭವ ಇದ್ದವರು ಹೇಳಿ

ವರ್ಕ್ ಫ್ರಮ್ ಹೋಮ್ ಪೊರ್ಬು:
ಎಲ್ಲರಿಗೂ ನಮಸ್ಕಾರ. ನನಗೆ 36. ಬೆಂಗಳೂರಿನ ಕಂಪೆನಿ, ಕೊರೊನಾ ನಂತರ ಊರಿಂದಲೇ ಕೆಲಸ, ಮನೆ ಉಡುಪಿ ಹತ್ತಿರ. ಎರಡು ವರ್ಷದ ಹಿಂದೆ ನಮ್ಮ ವಾಳೆಗೆ, ಅಂದ್ರೆ ಇಗರ್ಜಿಯ (ಚರ್ಚಿನ) ವಾರ್ಡಿಗೆ, ಗುರಿಕಾರ (ಮುಖ್ಯಸ್ಥ) ಮಾಡಿದ್ರು, ಈಗ ಫಾದರ್ ಚರ್ಚಿನ ಪಾಲನಾ ಮಂಡಳಿ ಉಪಾಧ್ಯಕ್ಷ ಆಗ್ಲೇಬೇಕು ಅಂತ ಹಿಂದೆ ಬಿದ್ದಿದ್ದಾರೆ. ಅಪ್ಪನಿಗೆ ಆಸೆ, ಹೆಂಡತಿ ಸುತರಾಂ ಬೇಡ ಅಂತಾಳೆ. ಹೊಸ ಹಾಲ್ ಕಟ್ಟುವ ಪ್ಲ್ಯಾನ್ ಬೇರೆ ಉಂಟು. ಸತ್ಯ ಹೇಳುದಾದ್ರೆ ನನಗೆ ನಂಬಿಕೆಯಲ್ಲೇ ಸ್ವಲ್ಪ ಗೊಂದಲ, ಭಾನುವಾರ ಪೂಜೆಗೆ ಹೋಗ್ತೇನೆ, ಮನಸ್ಸು ಅಲ್ಲಿ ಇರುದಿಲ್ಲ. ಇಂಥವ ಆ ಕುರ್ಚಿಯಲ್ಲಿ ಕೂರಬಹುದಾ?

ಹಂಚಿನ ಮಾಡು:
ಬೇಡ ಮಾರಾಯ್ರೆ. ನಾನು ಒಂದು ಅವಧಿ ಮಾಡಿ ಕೈ ಸುಟ್ಟುಕೊಂಡವ. ನಮ್ಮ ಇಗರ್ಜಿಯ ಮಾಡು ಸೋರ್ತಿತ್ತು, ಬರೀ ನಾಲ್ಕು ಹಂಚು ಬದಲಾಯಿಸಿದ್ರೆ ಆಯ್ತು ಅಂತ ಹತ್ತಿದ್ದು, ಮೇಲೆ ಹೋಗಿ ನೋಡಿದ್ರೆ ಹಂಚಿನ ಕೆಳಗಿನ ಮರದ ಪಕ್ಕಾಸಿಗೆಲ್ಲ ಗೆದ್ದಲು, ಅಡ್ಡಪಟ್ಟಿಯ ರೀಪು ಕೈಯಲ್ಲಿ ಹಿಡಿದ್ರೆ ಪುಡಿ. ಅಂದಾಜು ಹಾಕಿದ್ದು 18 ಲಕ್ಷ, ಮುಗಿಯುವಾಗ 31 ಲಕ್ಷ 40 ಸಾವಿರ. ಹಳೆ ಹಂಚಿನಲ್ಲಿ 3,000 ಉಳಿಯಿತು, ಹೊಸತು 6,600 ಬೇಕಾಯ್ತು, ಒಂದಕ್ಕೆ 38 ರೂಪಾಯಿ, ಎರಡೂವರೆ ಲಕ್ಷ ಬರೀ ಹಂಚಿಗೇ ಹೋಯ್ತು, ಇಳಿಸಿದ ಕೂಲಿ ಬೇರೆ, ಇಳಿಸುವಾಗ ಒಡೆದದ್ದು 210, ಅದು ಯಾರ ಲೆಕ್ಕಕ್ಕೆ ಅಂತ ಮೂರು ಮೀಟಿಂಗ್. ಮೇ ಕೊನೆಗೆ ಮರದ ಸಾಮಾನು ಬರಲೇ ಇಲ್ಲ, ಜೂನ್ 4ಕ್ಕೆ ಮಳೆ ಹಿಡಿಯಿತು, ಟಾರ್ಪಾಲಿಗೆ 22 ಸಾವಿರ. ಕಾಂಟ್ರಾಕ್ಟರ್ ಕೆಲಸ ನಿಲ್ಲಿಸ್ತೇನೆ ಅಂದಾಗ ನನ್ನ ಕೈಯಿಂದ 2 ಲಕ್ಷ 65 ಸಾವಿರ ಹಾಕಿದೆ. ವಾಪಾಸ್ ಬಂದದ್ದು 1 ಲಕ್ಷ 40. ಉಳಿದದ್ದು "ದೇವರಿಗೆ ಕೊಟ್ಟ ಹಾಗೆ" ಅಂತೆ. ಅಷ್ಟರಲ್ಲಿ ವಿಗಾರರಿಗೆ, ಅಂದ್ರೆ ನಮ್ಮ ಫಾದರಿಗೆ, ವರ್ಗ ಆಯ್ತು. ಹೊಸಬರು ಕೇಳಿದ ಮೊದಲ ಪ್ರಶ್ನೆ, ಇದಕ್ಕೆ ಬಿಲ್ ಎಲ್ಲಿ?

ಒಂದು ಗೊತ್ತಿರಲಿ, ಕೆನನ್ ಲಾ (ಕಥೋಲಿಕ ಚರ್ಚಿನ ಕಾನೂನು) 536 ಪ್ರಕಾರ ಪಾಲನಾ ಮಂಡಳಿಗೆ ಇರುದು ಸಲಹೆ ಕೊಡುವ ಅಧಿಕಾರ ಮಾತ್ರ. ನೀವು ಮೂವತ್ತು ಜನ ಕೈ ಎತ್ತಿ, ಫಾದರ್ ಬೇಡ ಅಂದ್ರೆ ಬೇಡ. ಬೈಗುಳ ಮಾತ್ರ ಊಟದ ಪಂಕ್ತಿಯಲ್ಲಿ ನಿಮಗೇ.

ಮಿನಿಟ್ಸ್ ಬಾಯಿ:
536 ಓದಿದವರು ಅದರ ಕೆಳಗಿನ 537 ಯಾಕೆ ಓದಲಿಲ್ಲ? ಹಣಕಾಸು ಸಮಿತಿ ಪ್ರತಿ ಚರ್ಚಿಗೂ ಕಡ್ಡಾಯ. ನೀವು ಕೈಯಿಂದ ಹಾಕುವ ಮೊದಲು ಆ ಸಮಿತಿಯಲ್ಲಿ ಬರೆಸಿದ್ರಾ? ಇಲ್ಲ ಅಲ್ವಾ? ಗಂಡಸರಿಗೆ ಇದೊಂದು ದೊಡ್ಡಸ್ತಿಕೆ, ಕಿಸೆಯಿಂದ ತೆಗೆದು ಕೊಡುದು, ಆಮೇಲೆ ಹತ್ತು ವರ್ಷ ಹೇಳ್ತಾ ತಿರುಗುದು.

ನಾನು ಆರು ವರ್ಷ ಮಂಡಳಿಯ ಕಾರ್ಯದರ್ಶಿ ಆಗಿದ್ದವಳು. ಗುರಿಕಾರರು ಬೈದುಕೊಂಡದ್ದನ್ನು "ವಿಸ್ತೃತ ಚರ್ಚೆ ನಡೆಯಿತು" ಅಂತ ಬರೆದವಳು ನಾನೇ. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಲೆಕ್ಟರ್ (ಪೂಜೆಯಲ್ಲಿ ಬೈಬಲ್ ಓದುವವರು), ಆಕೊಲೈಟ್ (ಪೀಠದಲ್ಲಿ ನೆರವಾಗುವವರು) ಸೇವೆ ಹೆಂಗಸರಿಗೂ ಅಧಿಕೃತವಾಗಿ ಕೊಡಬಹುದು ಅಂತ ಕಾನೂನೇ ತಿದ್ದಿದ್ರು. ಅದೇ ವರ್ಷ ನಮ್ಮ ವಾರ್ಷಿಕ ಹಬ್ಬದ ಮೀಟಿಂಗಲ್ಲಿ ನನ್ನನ್ನು ಹಾಕಿದ್ದು ಚಾ ಕಮಿಟಿಗೆ. ಆಮೇಲೆ ಸಿನೊಡ್ (ಇಡೀ ಚರ್ಚಿನ ಸಮಾಲೋಚನೆ) ಅಂತ ಬಂತು, ಎಲ್ಲರ ಮಾತು ಕೇಳಬೇಕು ಅಂತ. ವಾಳೆ ವಾಳೆಗೆ ಹೋಗಿ ಕೂತು, ಹೆಂಗಸರು ಹೇಳಿದ್ದನ್ನು 14 ಪುಟ ಬರೆದು ಕೊಟ್ಟೆ. ಸಂಡಾಸಿಗೆ ನೀರಿಲ್ಲ ಅನ್ನುದರಿಂದ ಹಿಡಿದು ಕುಡುಕ ಗಂಡನ ವಿಷಯದವರೆಗೆ. ಮೇಲೆ ಹೋದ ವರದಿಯಲ್ಲಿ ಅದು ಒಂದೂವರೆ ಸಾಲು. ಆದ್ರೂ ಬಿಟ್ಟದ್ದಕ್ಕೆ ಬೇಜಾರುಂಟು, ನನ್ನ ಕೈಯ ಅಕ್ಷರದ ಪುಸ್ತಕ ಈಗ ಬೇರೆಯವರ ಕಪಾಟಿನಲ್ಲಿ.

ಹಂಚಿನ ಮಾಡು:
ಬಾಯಿ, ಮಳೆ ಬರುವಾಗ ಪುಸ್ತಕ ತೆಗೆದು ಬರೆಸ್ತಾ ಕೂರ್ಲಿಕ್ಕೆ ಆಗುದಿಲ್ಲ. ಪೀಠದ ಮೇಲೆ ನೀರು ಬೀಳ್ತಿತ್ತು. ನೀವು ಬಂದು ಬಕೆಟ್ ಹಿಡೀತಿದ್ರಾ?

ಮಿನಿಟ್ಸ್ ಬಾಯಿ:
ಬಕೆಟ್ ಹಿಡಿಯುದು, ನೆಲ ಒರಸುದು, ಅದು ಯಾವತ್ತೂ ನಾವೇ.

ಸಿಎಸ್ಐ ಅಣ್ಣ:
ನಿಮ್ಮಲ್ಲಿ ಫಾದರ್ ಕರೆದು ಕೊಡ್ತಾರಲ್ಲ, ಪುಣ್ಯವಂತರು. ನಮ್ಮ ಸಿಎಸ್ಐ (ಪ್ರೊಟೆಸ್ಟಂಟ್) ಸಭೆಯಲ್ಲಿ ಕಮಿಟಿಗೆ ಓಟು. ನಾನು ನಿಂತದ್ದು ಒಂದೇ ಸಲ, 7 ಓಟಲ್ಲಿ ಸೋತೆ. ಆ 7 ಓಟು ಯಾರ ಮನೆಯದ್ದು ಅಂತ ನನಗೆ ಗೊತ್ತುಂಟು, ಸ್ವಂತ ದೊಡ್ಡಪ್ಪನ ಮನೆ. ಮೂರು ಕ್ರಿಸ್ಮಸ್ ಆಯ್ತು, ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಕೊಡುದು ತಗೊಳ್ಳುದು ಎರಡೂ ನಿಂತಿದೆ. ಓಟಿನ ಹಿಂದಿನ ವಾರ ಮನೆ ಮನೆಗೆ ಪ್ರಾರ್ಥನೆಗೆ ಅಂತ ಬಂದವರು ಎಂತ ಮಾತಾಡಿದ್ರು ಅಂತ ಇಲ್ಲಿ ಬರೆಯುದಿಲ್ಲ. ಈಗ ನಾನು ಹಿಂದಿನ ಬೆಂಚು, ತುಳು ಗೀತೆ ಹಾಡಿ ಮನೆಗೆ.

ಹಾಂ, ಹಂಚಿನವರೇ, ಆ ಹಂಚನ್ನು ಮಂಗಳೂರಿಗೆ ತಂದದ್ದೇ ನಮ್ಮ ಬಾಸೆಲ್ ಮಿಶನ್ (ಪ್ರೊಟೆಸ್ಟಂಟ್ ಮಿಶನರಿಗಳು), 1865ರಲ್ಲಿ ಕಾರ್ಖಾನೆ. ನಿಮ್ಮ ತಲೆ ಮೇಲಿನ ಮಾಡಿಗೆ ನಮ್ಮವರಿಗೆ ಒಂದು ಥ್ಯಾಂಕ್ಸ್ ಹೇಳಿ.

ಹಂಚಿನ ಮಾಡು:
1834ರಲ್ಲಿ ಬಂದವರು ನೀವು. ಅದಕ್ಕೆ ಎಷ್ಟೋ ಮೊದಲೇ ನಮ್ಮ ಇಗರ್ಜಿಗಳಿಗೆ ಮಾಡು ಇತ್ತು ಮಾರಾಯ್ರೆ. ಆಮೇಲೆ ನಮ್ಮವರದ್ದೂ ಹಂಚಿನ ಕಾರ್ಖಾನೆ ಆಗಲಿಲ್ವಾ?

ಮೂರನೇ ಬೆಂಚು ಬಿಟ್ಟವ:
ಇದನ್ನೆಲ್ಲ ಓದುವಾಗ ನಾನು ಇಗರ್ಜಿ ಬಿಟ್ಟದ್ದೇ ಒಳ್ಳೆದಾಯ್ತು ಅನ್ನಿಸ್ತದೆ. ಹಂಚು, ಹಾಲ್, ಹಬ್ಬದ ಊಟ, ಯೇಸು ಎಲ್ಲಿ ಇದ್ರಲ್ಲಿ? ನಾನೂ ಗುರಿಕಾರ ಆಗಿದ್ದವ. ಮಗನಿಗೆ ಜ್ವರ ಮಂಡೆಗೇರಿ ಆಸ್ಪತ್ರೆಯಲ್ಲಿ 11 ದಿನ ಇದ್ದಾಗ ನಮ್ಮ ವಾಳೆಯಿಂದ ಬಂದದ್ದು ಒಂದು ವಾಟ್ಸಾಪ್ ಕೈ ಮುಗಿದ ಚಿತ್ರ. ಬೇರೆ ಪಂಗಡದ ಪ್ರಾರ್ಥನಾ ಮಂದಿರದವರು, ಪರಿಚಯವೇ ಇಲ್ಲದವರು, ದಿನಾ ರಾತ್ರಿ ಬಂದು ಕೂತರು. ಈಗ ಅಲ್ಲಿಗೇ ಹೋಗುದು, ಸಂಬಳದ ಹತ್ತರಲ್ಲೊಂದು, ತಿಂಗಳಿಗೆ 4,800 ಕೊಡ್ತೇನೆ, ಯಾರ ಹತ್ರವೂ ಲೆಕ್ಕ ಕೇಳುದಿಲ್ಲ.

ಮಿನಿಟ್ಸ್ ಬಾಯಿ:
ಲೆಕ್ಕ ಕೇಳದೆ ವರ್ಷಕ್ಕೆ 57,600? ಅಲ್ಲಿ ಸೆಕ್ರೆಟರಿ ಪೋಸ್ಟ್ ಖಾಲಿ ಉಂಟಾ?

ಮೂರನೇ ಬೆಂಚು ಬಿಟ್ಟವ:
ತಮಾಷೆ ಮಾಡಿ. ಒಂದು ಮಾತ್ರ ಹೇಳ್ತೇನೆ, ಅಪ್ಪ ತೀರಿಕೊಂಡಾಗ ಅವರನ್ನು ನಿಮ್ಮ ಇಗರ್ಜಿಯ ಸಿಮಿತ್ರಿಯಲ್ಲೇ ಮಣ್ಣು ಮಾಡಿದ್ದು, ಅವರು ಬಿಟ್ಟಿರಲಿಲ್ಲ. ನಾನು ಮಗ, ಆದ್ರೆ ಪೆಟ್ಟಿಗೆ ಹಿಂದೆ ಹೋಗುವಾಗ ಜನ ನೋಡಿದ ನೋಟ ಉಂಟಲ್ಲ. ವರ್ಷದ ಪೂಜೆಗೆ ಹೊರಗೆ ಗೇಟಿನ ಹತ್ರ ನಿಂತಿದ್ದೆ. ನನ್ನನ್ನು ಎಲ್ಲಿ ಇಡ್ತಾರೆ ಅಂತ ಹೆಂಡತಿ ಕೇಳ್ತಾಳೆ, ನನ್ನ ಹತ್ರ ಉತ್ತರ ಇಲ್ಲ.

ಹಂಚಿನ ಮಾಡು:
ಒಳಗೆ ಬರ್ಬೇಡಿ ಅಂತ ಯಾರು ಹೇಳಿದ್ರು ನಿಮಗೆ? ಗೇಟಿನ ಹತ್ರ ನೀವೇ ನಿಂತದ್ದು.

ಸಿಎಸ್ಐ ಅಣ್ಣ:
ಅವರ ಅಪ್ಪನ ವಿಷಯ ಮಾರ್ರೆ, ಸ್ವಲ್ಪ ನೋಡಿ ಬರೀರಿ.

ಹಂದಿ ಸನ್ನಾಸ್:
ಹಬ್ಬದ ಊಟ ಅಂದ್ರಲ್ಲ, ನಮ್ಮಲ್ಲಿ ಉಪಾಧ್ಯಕ್ಷರು ರಾಜೀನಾಮೆ ಕೊಟ್ಟದ್ದೇ ಅದಕ್ಕೆ. 900 ಜನಕ್ಕೆ ತಟ್ಟೆಗೆ 240ರ ಹಾಗೆ ಹೇಳಿದ್ದು, ಹಂದಿ ಎರಡನೇ ಪಂಕ್ತಿಗೇ ಖಾಲಿ. ಮೂರನೇ ಪಂಕ್ತಿಯಲ್ಲಿ ಕೂತದ್ದು ಕ್ವಾಯರಿನವರು, ಮುಂದಿನ ಭಾನುವಾರ ಒಬ್ಬರೂ ಹಾಡ್ಲಿಕ್ಕೆ ಬರ್ಲಿಲ್ಲ.

ವರ್ಕ್ ಫ್ರಮ್ ಹೋಮ್ ಪೊರ್ಬು:
ಎಲ್ಲರಿಗೂ ಥ್ಯಾಂಕ್ಸ್, ಆದ್ರೆ ನನ್ನ ನಂಬಿಕೆಯ ಪ್ರಶ್ನೆಗೆ ಯಾರೂ ಎಂತ ಹೇಳ್ಲಿಲ್ಲ.

ಮಿನಿಟ್ಸ್ ಬಾಯಿ:
ನಂಬಿಕೆಯಾ? ನನಗೆ ಅದು ಇದ್ದದ್ದು ಮೀಟಿಂಗ್ ಮುಗಿದು ಎಲ್ಲರೂ ಹೋದ ಮೇಲೆ, ಲೈಟ್ ಆಫ್ ಮಾಡ್ಲಿಕ್ಕೆ ಒಬ್ಬಳೇ ಇಗರ್ಜಿ ಒಳಗೆ ಹೋಗುವಾಗ. ಎರಡು ನಿಮಿಷ ಕೂತು ಬರ್ತಿದ್ದೆ. ನೀವು ಆಗುದಾದ್ರೆ ಆ ಕೀ ನಿಮ್ಮ ಹತ್ರ ಇಟ್ಟುಕೊಳ್ಳಿ. ಮತ್ತೆ ಹಾಲ್ ಕಟ್ಟುವ ಕೊಟೇಶನ್ ಮೂರು ಕಡೆಯಿಂದ, ಬರಹದಲ್ಲಿ.

ಸಿಎಸ್ಐ ಅಣ್ಣ:
ಹಂಚಿನವರೇ, ಒಂದು ಡೌಟು. 38 ರೂಪಾಯಿ ಅಂದ್ರಲ್ಲ, ಅದು ಯಾವ ವರ್ಷ? ನಮ್ಮಲ್ಲಿ ಮೊನ್ನೆ ಮೊನ್ನೆ 31ಕ್ಕೆ ಸಿಕ್ಕಿದೆ, ಅದೂ ಇಳಿಸಿ ಕೊಟ್ಟು.

ಹಂಚಿನ ಮಾಡು:
ನಿಮಗೆ ಎಂತ ಹೇಳ್ಲಿಕ್ಕುಂಟು, ನೇರ ಹೇಳಿ.