ಅಡುಗೆಮನೆಯಲ್ಲಿ ಹಣ್ಣಿನ ನೊಣ: ವಿನೆಗರ್ ಇಟ್ಟರೂ ಕಡಿಮೆಯಾಗುತ್ತಿಲ್ಲ

ಪ್ರಶ್ನೆ: ಕಟ್ಟೆ_ಕೆಳಗೆ

ಬೆಂಗಳೂರು, ಮೂರನೇ ಮಹಡಿಯ ಫ್ಲ್ಯಾಟ್. ಮಾವಿನಹಣ್ಣು ಬಂದಾಗಿನಿಂದ ಸಣ್ಣ ನೊಣಗಳು. ಎಳ್ಳಿನಷ್ಟು ಗಾತ್ರ, ಕಂದು ಮೈ. ಬಾಳೆಹಣ್ಣಿನ ಬುಟ್ಟಿ ಅಲ್ಲಾಡಿಸಿದರೆ ಒಟ್ಟಿಗೆ ಎದ್ದು ಮತ್ತೆ ಅಲ್ಲೇ ಕೂರುತ್ತವೆ. ಸಿಂಕ್ ಹತ್ತಿರವೂ ಇವೆ.

ಇದುವರೆಗೆ ಮಾಡಿದ್ದು: ಬಟ್ಟಲಲ್ಲಿ ಬಿಳಿ ವಿನೆಗರ್ (ಎರಡು ದಿನಕ್ಕೆ ಬಿದ್ದದ್ದು ಆರೇಳು), ಕರ್ಪೂರ, ಸೊಳ್ಳೆ ಬ್ಯಾಟು, ಸಿಂಕಿಗೆ ಕುದಿಯುವ ನೀರು. ಹಣ್ಣೆಲ್ಲ ಫ್ರಿಜ್ಜಿಗೆ ಹಾಕಿ ನಾಲ್ಕು ದಿನವಾಯಿತು, ಆದರೂ ಹಾರುತ್ತಲೇ ಇವೆ. ಗೊಬ್ಬರದ ಅಂಗಡಿಯಲ್ಲಿ ಹಣ್ಣು ನೊಣಕ್ಕೆಂದೇ ಮೋಹಕ ಬಲೆ ಸಿಗುತ್ತದಂತೆ, ತರಬಹುದೇ? ಮನೆಯಲ್ಲಿ ಚಿಕ್ಕ ಮಗು ಇರುವುದರಿಂದ ಸ್ಪ್ರೇ ಬೇಡ.

ಉತ್ತರ: ಕೆಂಗಣ್ಣು

ಮೋಹಕ ಬಲೆ ತರಬೇಡಿ, ದುಡ್ಡು ದಂಡ. ಹೆಸರು ಒಂದೇ ಆದ್ದರಿಂದ ಬಹಳ ಜನ ಇಲ್ಲಿ ಎಡವುತ್ತಾರೆ. ತೋಟದವರು ಹಣ್ಣು ನೊಣ ಎನ್ನುವುದು ಬ್ಯಾಕ್ಟ್ರೋಸೆರಾ ಜಾತಿಯದು. ಹೆಚ್ಚುಕಡಿಮೆ ಮನೆನೊಣದಷ್ಟು ದೊಡ್ಡದು, ಸೂಜಿಯಂಥ ಅಂಗದಿಂದ ಕಾಯಿಯ ಸಿಪ್ಪೆ ಚುಚ್ಚಿ ಒಳಗೇ ಮೊಟ್ಟೆ ಇಡುತ್ತದೆ. ಮಾವು ಕೊಯ್ದಾಗ ತಿರುಳಲ್ಲಿ ಬಿಳಿ ಹುಳು ಸಿಕ್ಕಿದರೆ ಅದು ಸಾಮಾನ್ಯವಾಗಿ ಇದರದ್ದೇ. ಮೋಹಕ ಬಲೆಯಲ್ಲಿರುವ ಮೀಥೈಲ್ ಯೂಜಿನಾಲ್ ಆ ಜಾತಿಯ ಗಂಡು ನೊಣಗಳನ್ನು ಸೆಳೆಯುವ ವಾಸನೆ. ನಿಮ್ಮ ಮನೆಯದು ಡ್ರಾಸೋಫಿಲಾ, 2ರಿಂದ 3 ಮಿ.ಮೀ. ಉದ್ದ, ಕೆಂಪು ಕಣ್ಣು. ಅದು ಆ ವಾಸನೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಡ್ರಾಸೋಫಿಲಾಕ್ಕೆ ಬೇಕಾದದ್ದು ಹಣ್ಣಿಗಿಂತ ಹೆಚ್ಚಾಗಿ ಹಣ್ಣು ಹುಳಿಯುವಾಗ ಬೆಳೆಯುವ ಯೀಸ್ಟ್. ಮರಿಹುಳುವಿನ ಊಟ ಅದೇ. ಹಾಗಾಗಿ ಎಲ್ಲಿ ತೇವ ಮತ್ತು ಹುಳಿತ ಎರಡೂ ಇದೆಯೋ ಅಲ್ಲೆಲ್ಲ ಮೊಟ್ಟೆ ಇಡುತ್ತದೆ, ಹಣ್ಣೇ ಇರಬೇಕೆಂದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ನೊಣದ ತಳಿಗಳನ್ನು ಸಾಕಿ ಕಾಪಾಡುವ ಕೇಂದ್ರವೇ ಇದೆ. ಅಲ್ಲಿ ಬಳಸುವ ಆಹಾರ ರವೆ, ಬೆಲ್ಲ, ಅಗರ್, ಮೇಲೆ ಒಂದಿಷ್ಟು ಯೀಸ್ಟ್. ಅಗರ್ ಬಿಟ್ಟರೆ ಉಳಿದದ್ದು ನಮ್ಮ ಡಬ್ಬಿಗಳಲ್ಲೇ ಇರುವಂಥದ್ದು!

ಹಣ್ಣು ತೆಗೆದು ನಾಲ್ಕು ದಿನಕ್ಕೆ ಏಕೆ ನಿಲ್ಲಲಿಲ್ಲ? 25 ಡಿಗ್ರಿಯಲ್ಲಿ ಮೊಟ್ಟೆ ಒಂದು ದಿನಕ್ಕೆ ಒಡೆಯುತ್ತದೆ, ಮರಿಹುಳು ನಾಲ್ಕೈದು ದಿನ ತಿನ್ನುತ್ತದೆ, ಆಮೇಲೆ ಒಣ ಜಾಗಕ್ಕೆ ಹರಿದು ಕೋಶವಾಗಿ ಇನ್ನು ನಾಲ್ಕೈದು ದಿನ. ಒಟ್ಟು 10 ದಿನ. ಚಳಿಯಲ್ಲಿ, ಅಂದರೆ 18 ಡಿಗ್ರಿ ಹತ್ತಿರ, ಇದೇ ಲೆಕ್ಕ 19–20 ದಿನಕ್ಕೆ ಎಳೆಯುತ್ತದೆ. ಹೊಸ ಹೆಣ್ಣು ಎರಡು ದಿನದೊಳಗೆ ಮೊಟ್ಟೆ ಇಡಲು ತಯಾರು, ಜೀವಮಾನದಲ್ಲಿ ಸುಮಾರು 400. ಹಣ್ಣಿನ ಬುಟ್ಟಿಯ ಹೆಣಿಗೆಯ ಸಂದಿಯಲ್ಲಿ ಈಗಾಗಲೇ ಕಟ್ಟಿದ ಕೋಶಗಳಿಗೆ ನೀವು ಹಣ್ಣು ತೆಗೆದದ್ದು ಗೊತ್ತೇ ಇಲ್ಲ, ದಿನ ತುಂಬಿದ ಕೂಡಲೇ ಒಡೆದು ಬರುತ್ತವೆ. ಬುಟ್ಟಿಯನ್ನು ಬಿಸಿ ಸೋಪು ನೀರಲ್ಲಿ ಬ್ರಷ್ ಹಾಕಿ ಉಜ್ಜಿ ಬಿಸಿಲಿಗಿಡಿ. ಅಕ್ಕಿಕಾಳಿಗಿಂತ ಸಣ್ಣ ಕಂದು ಸಿಪ್ಪೆಗಳು ಅಂಟಿಕೊಂಡಿದ್ದರೆ ಅವೇ ಕೋಶ.

ಈಗ ಬಲೆ. ಬಿಳಿ ವಿನೆಗರ್ ಬರೀ ಅಸಿಟಿಕ್ ಆಮ್ಲ ಮತ್ತು ನೀರು, ಕೊಳೆತ ಹಣ್ಣಿನ ಪರಿಮಳ ಅದರಲ್ಲಿಲ್ಲ. ಸೇಬಿನ ವಿನೆಗರ್ ತನ್ನಿ. ಅಗಲ ಬಾಯಿಯ ಲೋಟಕ್ಕೆ ವಿನೆಗರ್ 3 ದೊಡ್ಡ ಚಮಚ, ನೀರು 2 ಚಮಚ, ಸಕ್ಕರೆ ಅರ್ಧ ಟೀ ಚಮಚ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಸೋಪಿಲ್ಲದಿದ್ದರೆ ನೊಣ ನೀರಿನ ಮೇಲೆ ನಿಂತು ಕುಡಿದು ಎದ್ದು ಹೋಗುತ್ತದೆ. ಸೋಪು ಬಿದ್ದರೆ ನೀರಿನ ಮೇಲ್ಪದರದ ಬಿಗಿ ಸಡಿಲವಾಗಿ ಮುಳುಗುತ್ತದೆ. ಆದರೆ ಒಂದು ಚಮಚ ಸೋಪು ಸುರಿದರೆ ನಿಂಬೆ ಸೆಂಟು ವಿನೆಗರ್ ವಾಸನೆಯನ್ನು ಮುಚ್ಚಿಬಿಡುತ್ತದೆ.

ಸೇಬಿನ ವಿನೆಗರ್ ಇಲ್ಲದವರಿಗೆ: ಉಗುರುಬೆಚ್ಚಗಿನ ನೀರು 100 ಮಿ.ಲೀ., ಪುಡಿ ಬೆಲ್ಲ ಒಂದು ಟೀ ಚಮಚ, ಬೇಕರಿ ಯೀಸ್ಟ್ ಅರ್ಧ ಟೀ ಚಮಚ. ಇದಕ್ಕೆ ಸೋಪು ಬೇಡ. ಬಾಟಲಿಗೆ ಹಾಕಿ, ಕಾಗದವನ್ನು ಆಲಿಕೆಯಂತೆ ಸುತ್ತಿ ಆ ಕೊಳವೆಯನ್ನು ಮೇಲೆ ಸಿಕ್ಕಿಸಿ. ಕೊಳವೆಯ ತುದಿಯಲ್ಲಿ 4–5 ಮಿ.ಮೀ. ತೂತು ಸಾಕು, ತುದಿ ದ್ರವಕ್ಕಿಂತ ಎರಡು ಸೆಂ.ಮೀ. ಮೇಲಿರಲಿ, ಬಾಟಲಿಯ ಬಾಯಿ ಮತ್ತು ಕಾಗದ ಸೇರುವಲ್ಲಿ ಸುತ್ತಲೂ ಟೇಪು. ಆ ಸುತ್ತು ಸಡಿಲವಾದರೆ ಒಳಗೆ ಹೋದದ್ದು ಹಾಗೇ ಹೊರಗೆ ಬರುತ್ತದೆ. ಬಲೆ ಕೆಲಸ ಮಾಡಲಿಲ್ಲ ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ತಪ್ಪಿರುವುದು ಇಲ್ಲೇ.

ಬಾಳೆಹಣ್ಣಿನ ಚೂರು ಹಾಕಿ ಬಲೆ ಮಾಡಿದರೆ ನಾಲ್ಕನೇ ದಿನಕ್ಕೆ ಎಸೆಯಲೇಬೇಕು. ವಾರ ಬಿಟ್ಟರೆ ಅದೇ ಬಾಣಂತಿ ಕೋಣೆ.

ಇಷ್ಟಾದರೂ ಬಲೆ ಹಿಡಿಯುವುದು ಹಾರುವವನ್ನು ಮಾತ್ರ. ಮರಿಹುಳು ಎಲ್ಲಿದೆ ಎಂದು ಹುಡುಕುವುದೇ ಅರ್ಧಕ್ಕಿಂತ ಹೆಚ್ಚು ಕೆಲಸ. ಈರುಳ್ಳಿ, ಆಲೂಗಡ್ಡೆ ಬುಟ್ಟಿಯನ್ನು ಪೂರ್ತಿ ಸುರಿದು ನೋಡಿ, ತಳದಲ್ಲಿ ಕೊಳೆತದ್ದು ಒಂದಿದ್ದರೂ ಸಾಕು. ಹಸಿ ಕಸದ ಹಸಿರು ಬಕೆಟ್ಟಿನ ಅಂಚಿನ ಮಡಿಕೆ, ಒದ್ದೆ ಮಾಪು, ಕಟ್ಟೆ ಒರೆಸಿ ಮುದ್ದೆ ಮಾಡಿಟ್ಟ ಬಟ್ಟೆ, ಒಣ ಕಸದ ಚೀಲದಲ್ಲಿ ತೊಳೆಯದೆ ಹಾಕಿದ ಹಾಲಿನ ಕವರು ಮತ್ತು ಜ್ಯೂಸ್ ಡಬ್ಬಿ, ದೇವರ ಮನೆಯ ಹಳೇ ಹೂವು. ಸಿಂಕಿನ ವಿಷಯ ಗೊತ್ತಿರುವವರು ಹೇಳಲಿ.

ಉತ್ತರ: ನಹಾನಿ_ಟ್ರ್ಯಾಪ್

ಕುದಿಯೋ ನೀರು ಇನ್ನ ಮ್ಯಾಲೆ ಹಾಕಬ್ಯಾಡ್ರಿ. ಸಿಂಕಿನ ಕೆಳಗಿನ ಪೈಪು ಪಿವಿಸಿ ಇರತೈತಿ, 80 ಡಿಗ್ರಿ ಹತ್ರ ಮೆತ್ತಗಾಗಿ ಜಾಯಿಂಟ್ ಸಡಲ್ತಾವ. ಅರ್ಧ ಕುದಿಯೋ ನೀರು, ಅರ್ಧ ನಳದ ನೀರು ಕೂಡಿಸ್ರಿ, 60ರ ಸುತ್ತ ಬರತೈತಿ. ಅಷ್ಟ ಸಾಕು.

ಮೊದಲ ಅಲ್ಲಿಂದನ ಬರಾಕತ್ತಾವೋ ಇಲ್ಲೋ ನೋಡ್ಕೋರಿ. ರಾತ್ರಿ ಸಿಂಕ್ ಒರೆಸಿ, ಜಾಲರಿ ಮ್ಯಾಲೆ ಅಗಲ ಟೇಪು, ಅಂಟು ಕೆಳಮುಖ ಮಾಡಿ, ಸ್ವಲ್ಪ ಗಾಳಿ ಆಡೂಹಂಗ ಸಂದಿ ಬಿಟ್ಟು ಹಚ್ಚ್ರಿ. ಸಿಂಕಿನ ಮ್ಯಾಲಿನ ಓವರ್‌ಫ್ಲೋ ತೂತಿಗೂ ಒಂದು. ಮುಂಜಾನೆ ಅಂಟಿಕೊಂಡಿದ್ದರ ಪೈಪಿನ್ಯಾಗ ಮರಿ ಅದಾವ ಅಂತ ಅರ್ಥ. ಒಂದ ರಾತ್ರಿ ನೋಡಿ ಬಿಡಬ್ಯಾಡ್ರಿ, ಮೂರು ನಾಲ್ಕು ರಾತ್ರಿ ನೋಡ್ರಿ.

ಇದ್ದರ ಹಿಂಗ ಮಾಡ್ರಿ. ಕೆಳಗೊಂದು ಬಕೀಟು ಇಟ್ಟು ಬಾಟಲ್ ಟ್ರ್ಯಾಪಿನ (ಸಿಂಕಿನ ಕೆಳಗ ನೀರು ನಿಲ್ಲೋ ಬಾಟಲಿಯಂಥ ಭಾಗ) ತಳದ ಬಟ್ಟಲು ಕೈಲೆ ತಿರುಗಿಸಿ ಬಿಚ್ಚ್ರಿ. ಒಳಗ ಕರ್ರಗ ಲೋಳಿ ಕುಂತಿರತೈತಿ. ಹಳೇ ಬಾಟಲಿ ಬ್ರಷ್ ತಗೊಂಡು ಆ ಬಟ್ಟಲು, ಜಾಲರಿ ಕೆಳಗಿನ ಗಂಟಲು, ಓವರ್‌ಫ್ಲೋ ತೂತು ಮೂರನ್ನೂ ತಿಕ್ಕ್ರಿ. ಆಮ್ಯಾಗ ಒಂದು ಲೀಟರ್ ಬಿಸಿ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಕಲಸಿ ಮೆಲ್ಲಕ ಬಿಡ್ರಿ. ವಾಷರ್ ಜಾಗಾದಾಗ ಸರಿಯಾಗಿ ಕುಂತೈತೋ ನೋಡಿ ಕೈಬಿಗಿ ಮಾಡ್ರಿ, ಪಾನಾ ಹಚ್ಚಿ ಬಿಗಿ ಮಾಡಿದ್ರ ಚೂಡಿ (ತಿರುಪಿನ ಗೆರಿ) ಒಡಿತೈತಿ.

ಅಡುಗೆ ಸೋಡಾ ಮತ್ತ ವಿನೆಗರ್ ಕೂಡಿಸಿ ಸುರಿಯೋದು ಬರೇ ನೊರೆ ಆಟ. ಒಂದಕ್ಕೊಂದು ಶಕ್ತಿ ಕಳಕೋತಾವ, ಲೋಳಿ ಇದ್ದಲ್ಲೇ ಇರತೈತಿ. ಬ್ಲೀಚಿಂಗ್ ಪುಡಿ ನೀರೂ ಅಷ್ಟ, ಮ್ಯಾಲಿಂದ ಜಾರಿ ಹೋಗತೈತಿ. ಬ್ಲೀಚ್ ಹಾಕಿದ ಮ್ಯಾಲೆ ವಿನೆಗರೋ ಟಾಯ್ಲೆಟ್ ಆಸಿಡ್ಡೋ ಮಾತ್ರ ಹಾಕಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಏಳತೈತಿ. ಮನ್ಯಾಗ ಕೂಸು ಐತಿ ಅಂದೀರಿ.

ಇನ್ನೊಂದು. ಭಾಳ ಫ್ಲ್ಯಾಟಿನ್ಯಾಗ ಸುರುಳಿ ಸುರುಳಿ ಫ್ಲೆಕ್ಸಿಬಲ್ ಪೈಪನ್ನ ನೆಲದ ತೂತಿನ್ಯಾಗ ಸುಮ್ಮನ ಇಳಿಬಿಟ್ಟಿರ್ತಾರ. ಸುತ್ತ ಸಂದಿ ಖುಲ್ಲಾ. ನೊಣ, ಜೊಂಡಿಗ್ಯಾ ಎರಡೂ ಅಲ್ಲಿಂದನ ಬರ್ತಾವ. ಪೈಪಿನ ಅಳತಿಗೆ ರಬ್ಬರ್ ರಿಂಗ್ ಸಿಗತೈತಿ, ಹಾಕಿ ಮುಚ್ಚ್ರಿ. ಬಾಲ್ಕನಿ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗೋ ಜಾಲರಿ ಕೆಳಗಿನ ನೀರಿನ ತಡೆ) ಒಣಗಿದ್ದರ ವಾರಕ್ಕೊಮ್ಮೆ ಒಂದು ತಂಬಿಗಿ ನೀರು ಬಿಡ್ರಿ.

ಕಟ್ಟೆ_ಕೆಳಗೆ

ಇಬ್ಬರಿಗೂ ಧನ್ಯವಾದ. ಟೇಪಿಗೆ ಮೂರು ಸಿಕ್ಕಿವೆ, ಆದರೆ ಅವು ಬೂದು ಬಣ್ಣ, ರೆಕ್ಕೆ ಮೇಲೆ ಧೂಳಿನಂಥ ರೋಮ. ಕಂದು ನೊಣ ಒಂದೂ ಇಲ್ಲ. ಇನ್ನೆರಡು ಪ್ರಶ್ನೆ: ಬಾಲ್ಕನಿಯಲ್ಲಿ ಕಾಂಪೋಸ್ಟ್ ಮಡಕೆ ಇದೆ, ಅದನ್ನು ತೆಗೆದುಬಿಡಬೇಕಾ? ದೋಸೆ ಹಿಟ್ಟು ರಾತ್ರಿ ಹೊರಗಿಡುವುದರಿಂದಲೂ ಬರುತ್ತವಾ?

ಉತ್ತರ: ತಾರಸಿ_ಗೊಬ್ಬರ

ಬೂದು ಬಣ್ಣ, ಗೋಡೆ ಮೇಲೆ ರೆಕ್ಕೆ ಹರಡಿಕೊಂಡು ಕೂತರೆ ಪುಟ್ಟ ಪತಂಗದ ಹಾಗೆ ಕಾಣುವುದು ಚರಂಡಿ ನೊಣ. ಅದಕ್ಕೆ ವಿನೆಗರ್ ಬಲೆ ಉಪಯೋಗವಿಲ್ಲ, ಮೇಲಿನವರು ಹೇಳಿದ ಬ್ರಷ್ಷೇ ಮದ್ದು. ಅಂದರೆ ನಿಮ್ಮ ಮನೆಯಲ್ಲಿ ಎರಡು ಕಾಟ ಒಟ್ಟಿಗೆ ಇವೆ. ಕುಂಡಗಳ ಮಣ್ಣಿನಿಂದ ಏಳುವ ಕಪ್ಪು, ಉದ್ದಕಾಲಿನ ಮೂರನೆಯದೊಂದಿದೆ, ಅದಕ್ಕೆ ಮಾಡಬೇಕಾದದ್ದು ಕುಂಡಕ್ಕೆ ನೀರು ಕಡಿಮೆ ಹಾಕುವುದು, ಅಷ್ಟೇ.

ಕಂದು ನೊಣದ ಮೂಲ ಬಹುಶಃ ಮಡಕೆಯೇ. ಆದರೂ ತೆಗೆಯಬೇಡಿ ಮೇಡಂ/ಸರ್. ಮಾವಿನ ಕಾಲದಲ್ಲಿ ಮಡಕೆ ಹದಗೆಡುವುದಕ್ಕೆ ಒಂದೇ ಕಾರಣ: ಸಿಪ್ಪೆ, ವಾಟೆ, ಹಲಸಿನ ರೆಚ್ಚೆ ಎಲ್ಲ ಸಕ್ಕರೆ ನೀರು, ಒಣ ಪದಾರ್ಥ ಮಾತ್ರ ಮೊದಲಿನಷ್ಟೇ. ಸಾಮಾನ್ಯ ದಿನದಲ್ಲಿ ಒಂದು ಬೊಗಸೆ ಕಸಕ್ಕೆ ಒಂದು ಬೊಗಸೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕುತ್ತಿದ್ದರೆ ಈಗ ಎರಡು ಹಾಕಿ. ಸಿಪ್ಪೆಯನ್ನು ಚಿಕ್ಕದಾಗಿ ಹೆಚ್ಚಿ, ಮೇಲೆ ಸುರಿದು ಬಿಡದೆ ಕೋಲಿನಿಂದ ಒಳಗೆ ತಳ್ಳಿ, ಅದರ ಮೇಲೆ ಎರಡು ಇಂಚು ಒಣ ಎಲೆ ಅಥವಾ ಕೊಕೊಪೀಟ್ ಮುಚ್ಚಿಗೆ. ನೊಣಕ್ಕೆ ಕಾಣುವ ಹಾಗೆ ಒಂದು ಚೂರು ಸಿಪ್ಪೆಯೂ ಇರಬಾರದು. ಮೇಲೊಂದು ಹಿಡಿ ಬೇವಿನ ಹಿಂಡಿ ಉದುರಿಸಿ. ಹಿಡಿಯಲ್ಲಿ ಗೊಬ್ಬರ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಒದ್ದೆಯಾದರೆ ಸಾಕು.

ಮಡಕೆಯ ಗಾಳಿ ತೂತುಗಳಿಗೆ ಸೊಳ್ಳೆ ಜಾಲರಿ ಕಟ್ಟುವುದು ಅರ್ಧ ಕೆಲಸ. ಈ ನೊಣದ ಮೈ ಸಣ್ಣ, ಆ ಕಣ್ಣಿನಲ್ಲಿ ನುಸುಳಿಬಿಡುತ್ತದೆ. ಹಳೇ ಪಂಚೆ ಬಟ್ಟೆ ಕಟ್ಟಿ, ಗಾಳಿಯೂ ಆಡುತ್ತದೆ. ನೊಣ ಹೆಚ್ಚಿರುವ ಈ ಎರಡು ವಾರ ಹಣ್ಣಿನ ಸಿಪ್ಪೆಯನ್ನು ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟು, ಬೆಳಗ್ಗೆ ಹಸಿ ಕಸದ ಗಾಡಿ ಬಂದಾಗ ಕೊಟ್ಟುಬಿಡಿ. ಬಕೆಟ್ಟಿಗೆ ಪ್ಲಾಸ್ಟಿಕ್ ಚೀಲ ಹಾಕುವ ಹಾಗಿಲ್ಲವಲ್ಲ, ಹಾಗಾಗಿ ಖಾಲಿ ಮಾಡಿದ ಕೂಡಲೇ ತೊಳೆದು ಬೋರಲು ಹಾಕಿ. ತಳದಲ್ಲಿ ನಿಂತ ಎರಡು ಚಮಚ ರಸದಲ್ಲೇ ಒಂದು ತಲೆಮಾರು ಎದ್ದು ಬರುತ್ತದೆ.

ಉತ್ತರ: ರುಬ್ಬುಗುಂಡು

ಹಿಟ್ಟಿನ ಪ್ರಶ್ನೆಗೆ. ಹುದುಗುವ ಹಿಟ್ಟಿನ ವಾಸನೆಗೆ ಬಂದೇ ಬರುತ್ತವೆ. ತಟ್ಟೆ ಮುಚ್ಚಿದರೆ ಸಂದಿ ಉಳಿಯುತ್ತದೆ, ಹಾಗಾಗಿ ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಅದರ ಮೇಲೆ ತಟ್ಟೆ. ಪಾತ್ರೆ ಮುಕ್ಕಾಲಿಗಿಂತ ತುಂಬಿಸಬೇಡಿ. ಉಕ್ಕಿ ಹೊರಗೆ ಇಳಿದ ಹಿಟ್ಟು ಪಾತ್ರೆಯ ತಳಕ್ಕೂ ಕಟ್ಟೆಗೂ ನಡುವೆ ಅಂಟಿ ಕೂರುತ್ತದೆ. ಹುಳು ಸಿಗುವುದು ಪಾತ್ರೆಯೊಳಗಲ್ಲ, ಅಲ್ಲಿ.

ಆಮೇಲೆ ಯಾರೂ ನೋಡದ ಜಾಗಗಳು: ಮಿಕ್ಸಿ ಜಾರಿನ ಅಡಿ, ಮುಚ್ಚಳದ ರಬ್ಬರ್ ವಾಷರ್, ಗ್ರೈಂಡರ್ ಡ್ರಮ್ಮಿನ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದೆ ನೀರು ಬೀಳುವ ಟ್ರೇ, ಸ್ಟೌವಿನ ಕಾಲಿನ ಕೆಳಗೆ. ವಾಷರ್‌ಗಳನ್ನು ಬಿಚ್ಚಿ ತೊಳೆದು ಒಣಗಿಸಿಯೇ ಹಾಕಿ.

ಹೊಸ ಬಾಳೆಹಣ್ಣು ತಂದ ಕೂಡಲೇ ಚಿಪ್ಪು ಚಿಪ್ಪಾಗಿ ನೀರಲ್ಲಿ ತೊಳೆದು, ತೊಟ್ಟಿನ ಬುಡ ಉಜ್ಜಿ, ಒರೆಸಿ ಇಡಿ. ಅಂಗಡಿಯಲ್ಲೇ ಇಟ್ಟ ಮೊಟ್ಟೆ ಸಿಪ್ಪೆಯ ಬಿರುಕಿನಲ್ಲಿರುತ್ತದೆ. ದ್ರಾಕ್ಷಿಯನ್ನು ಹೀಗೆ ತೊಳೆದಿಡಬೇಡಿ, ಬೂಷ್ಟು ಹಿಡಿಯುತ್ತದೆ. ತಿನ್ನುವಾಗ ತೊಳೆದರೆ ಆಯಿತು. ಫ್ರಿಜ್ಜಿನಲ್ಲಿ ಬಾಳೆಹಣ್ಣಿನ ಸಿಪ್ಪೆ ಕಪ್ಪಾದರೂ ಎರಡು ದಿನ ಒಳಗೆ ಚೆನ್ನಾಗೇ ಇರುತ್ತದೆ. ಫ್ರಿಜ್ಜು ಮೊಟ್ಟೆಯ ಬೆಳವಣಿಗೆ ನಿಲ್ಲಿಸುತ್ತದೆ, ಎಲ್ಲವನ್ನೂ ಕೊಲ್ಲುತ್ತದೆಂದು ನೆಚ್ಚಿ ಮತ್ತೆ ಹೊರಗೆ ಇಡಬೇಡಿ.

ಹಾರುವವನ್ನು ತಕ್ಷಣ ಬೀಳಿಸಬೇಕಾದರೆ ಅರ್ಧ ಲೀಟರ್ ನೀರಿಗೆ ಅರ್ಧ ಟೀ ಚಮಚ ಪಾತ್ರೆ ಸೋಪು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ಹೊಡೆಯಿರಿ. ರೆಕ್ಕೆ ಒದ್ದೆಯಾಗಿ ಬೀಳುತ್ತವೆ, ಒರೆಸಿಬಿಡಿ. ಸ್ಯಾನಿಟೈಸರ್ ಸ್ಪ್ರೇ ಮಾಡಿ ಎನ್ನುವ ವಿಡಿಯೋಗಳಿವೆ, ಗ್ಯಾಸ್ ಒಲೆ ಇರುವ ಕೋಣೆಯಲ್ಲಿ ಅದು ಬೇಡವೇ ಬೇಡ. ನುಸಿಗುಳಿಗೆಯೂ ಅಡುಗೆಮನೆಗಲ್ಲ, ಮಗು ಬಾಯಿಗೆ ಹಾಕಿಕೊಂಡರೆ ವಿಷ. ಕರ್ಪೂರದ್ದೂ ಅದೇ ಮಾತು, ಎತ್ತರದಲ್ಲಿಡಿ.

ಉತ್ತರ: ಕೆಂಗಣ್ಣು

ಬಲೆ ಎಲ್ಲಿ ಇಡಬೇಕೆಂದು ಹೇಳುವುದು ಬಿಟ್ಟುಹೋಗಿತ್ತು. ಒಂದು ಸಿಂಕಿನ ಪಕ್ಕ, ಒಂದು ಹಣ್ಣು ಇಡುತ್ತಿದ್ದ ಜಾಗದಲ್ಲಿ, ಒಂದು ಬಾಲ್ಕನಿ ಬಾಗಿಲಲ್ಲಿ. ಮೂರಕ್ಕೂ ದಿನಾಂಕ ಬರೆದು ಬೆಳಗ್ಗೆ ಬಿದ್ದವನ್ನು ಎಣಿಸಿ. ಯಾವುದರಲ್ಲಿ ಹೆಚ್ಚೋ ಅದರ ಸುತ್ತ ಒಂದೆರಡು ಮಾರು ದೂರದಲ್ಲೇ ಮೂಲ ಹುಡುಕಿ. ರಾತ್ರಿ ಬಲೆಯ ಬಳಿ ಬೇರೆ ತಿನಿಸು, ತೊಳೆಯದ ಪಾತ್ರೆ ಇರಬಾರದು, ಇದ್ದರೆ ಅವು ಅಲ್ಲಿಗೇ ಹೋಗುತ್ತವೆ. ಮೂರು ದಿನಕ್ಕೊಮ್ಮೆ ದ್ರವ ಬದಲಿಸಿ. ಎಣಿಕೆ ಸೊನ್ನೆ ಆದ ದಿನವೇ ಬಲೆ ತೆಗೆಯಬೇಡಿ, ಮೊಟ್ಟೆ, ಮರಿ, ಕೋಶವಾಗಿ ಉಳಿದವೆಲ್ಲ ಹೊರಬರಲು ಇನ್ನೂ ಹತ್ತು ದಿನ ಬೇಕು. ಹತ್ತು ದಿನ ಕಳೆದ ಮೇಲೂ ಒಂದೇ ಬಲೆಯಲ್ಲಿ ಬೀಳುತ್ತಿದ್ದರೆ ಆ ಜಾಗದ ಫೋಟೋ ಹಾಕಿ, ಕಟ್ಟೆಯ ಕೆಳಗಿನದೂ ಕಾಣುವ ಹಾಗೆ.