μ ಅಕ್ಷರಕ್ಕೆ ಒಂದು ಪೂರ್ತಿ ಪೀರಿಯಡ್: ಕಲಿಸಿದವರು, ಬಳಸುವವರು ಅನುಭವ ಹೇಳಿ

ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪುಸ್ತಕದಲ್ಲಿ ಗ್ರೀಕಿನ 'ಮ್ಯೂ' ಅಕ್ಷರ, μ, ಬಂದ ಕೂಡಲೇ ಕೆಲವು ಮಕ್ಕಳು ಇಂಗ್ಲಿಷಿನ ಯು ಅಂತ ಓದುತ್ತಾರೆ, ಕೆಲವರು ಅದನ್ನು ಹಾರಿಸಿ ಮುಂದಿನ ಪದಕ್ಕೆ ಹೋಗುತ್ತಾರೆ. ಅದಕ್ಕೇ ಒಂದು ಇಡೀ ಪೀರಿಯಡ್ ಈ ಒಂದೇ ಅಕ್ಷರಕ್ಕೆ ಕೊಡೋಣ ಅಂದುಕೊಂಡಿದ್ದೇನೆ. ಎಲ್ಲಿಂದ ಬಂತು, ಯಾರು ಯಾವುದಕ್ಕೆ ಬಳಸುತ್ತಾರೆ, ಎಲ್ಲವೂ ಇರಲಿ ಅಂತ ಆಸೆ. ಜೊತೆಗೆ ಒಂದು ಹಾಳೆ ನೋಟ್ಸ್ ಟೈಪ್ ಮಾಡಿ ಹಂಚಬೇಕು, ಆದರೆ ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದಲ್ಲಿ ಈ ಅಕ್ಷರ ಕೂರುತ್ತಲೇ ಇಲ್ಲ. ಯಾವುದರಿಂದ ಶುರು ಮಾಡಲಿ? ನಿಮ್ಮ ಕೆಲಸದಲ್ಲಿ ಇದು ಹೇಗೆ ಬರುತ್ತದೆ?

ಪಿಯು ಭೌತಶಾಸ್ತ್ರ ಉಪನ್ಯಾಸಕಿ

ಮೇಡಂ, ಇತಿಹಾಸದಿಂದ ಶುರು ಮಾಡಬೇಡಿ, ಅದನ್ನು ಮಧ್ಯಕ್ಕೆ ಇಟ್ಟುಕೊಳ್ಳಿ. ನಾನು ಮೊದಲು ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆಯುತ್ತೇನೆ: ಈ ಅಕ್ಷರದ ಪಕ್ಕದಲ್ಲಿ ಏನಿದೆ? μ ಆದ ಮೇಲೆ ಮೀಟರ್, ಗ್ರಾಂ, ಸೆಕೆಂಡ್, ಫ್ಯಾರಡ್ ಅಂಟಿಕೊಂಡಿದ್ದರೆ ಅದು 'ಮೈಕ್ರೋ', ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಪಕ್ಕದಲ್ಲಿ ಯಾವ ಮಾನವೂ ಇಲ್ಲದೆ ಒಂಟಿಯಾಗಿ ನಿಂತಿದ್ದರೆ ಅದು ಯಾವುದೋ ಒಂದು ರಾಶಿಯ ಹೆಸರು. ಮಕ್ಕಳ ಗೊಂದಲ ಮುಕ್ಕಾಲು ಪಾಲು ಇಲ್ಲೇ ಕಳೆಯುತ್ತದೆ.

ಒಂಟಿ μ ಅಂದರೆ ನಿಮ್ಮ ಮಕ್ಕಳಿಗೆ ಮೊದಲು ಸಿಗುವುದು ಘರ್ಷಣಾ ಗುಣಾಂಕ. ಅದಕ್ಕೆ ಮಾನವೇ ಇಲ್ಲ, ಬರೀ ಸಂಖ್ಯೆ, ಏಕೆಂದರೆ ಅದು ಒಂದು ಬಲವನ್ನು ಇನ್ನೊಂದು ಬಲದಿಂದ ಭಾಗಿಸಿ ಬಂದದ್ದು. ಒಣ ಕಾಂಕ್ರೀಟ್ ರಸ್ತೆಯ ಮೇಲೆ ಟೈರಿನ ರಬ್ಬರಿಗೆ ಅದು ಸುಮಾರು 0.7, 0.8ರ ಆಸುಪಾಸು ಇರುತ್ತದೆ, ಮಳೆ ಬಿದ್ದರೆ ಇಳಿಯುತ್ತದೆ. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಬಸ್ಸು ಯಾಕೆ ನಿಧಾನ ಹೋಗುತ್ತದೆ ಅಂತ ಕೇಳಿ, ಅವರೇ ಹೇಳುತ್ತಾರೆ. ಹಳೇ ಪುಸ್ತಕಗಳಲ್ಲಿ ವಕ್ರೀಭವನ ಸೂಚ್ಯಂಕಕ್ಕೂ μ ಬರೆಯುತ್ತಿದ್ದರು, ಈಗ ಅಲ್ಲಿ ಎನ್ ಬಂದಿದೆ. ಮಕ್ಕಳ ಮನೆಯಲ್ಲಿ ಅಣ್ಣ ಅಕ್ಕಂದಿರ ಹಳೇ ಗೈಡ್ ಇದ್ದರೆ ಎರಡೂ ಕಾಣುತ್ತವೆ, ಮೊದಲೇ ಹೇಳಿಬಿಡಿ. ಪಿಯುಗೆ ಬಂದಾಗ ಕಾಂತೀಯ ಪಾರಗಮ್ಯತೆಗೂ ಇದೇ ಅಕ್ಷರ. ಅದು ಈಗ ಬೇಡ, ಹೆಸರು ಹೇಳಿ ಬಿಟ್ಟರೆ ಸಾಕು.

ಎಲೆಕ್ಟ್ರಿಕಲ್ ಅಂಗಡಿ, ಮೋಟಾರ್ ರಿಪೇರಿ

ಕ್ಲಾಸಿಗೆ ಒಂದು ಹಳೇ ಫ್ಯಾನ್ ಕಂಡೆನ್ಸರ್ ತಗೊಂಡು ಹೋಗಿ ಮೇಡಂ. ಯಾವ ಅಂಗಡಿಯಲ್ಲಾದರೂ ಕೆಟ್ಟದ್ದು ಸುಮ್ನೆ ಕೊಡುತ್ತಾರೆ. ಅದರ ಮೇಲೆ 2.5 ಅಂತ ಇರುತ್ತದೆ, ಅದರ ಮುಂದೆ ಕೆಲವದರಲ್ಲಿ μ ಎಫ್, ಕೆಲವದರಲ್ಲಿ ಎಂಎಫ್‌ಡಿ. ಎರಡೂ ಒಂದೇ, ಮೈಕ್ರೋಫ್ಯಾರಡ್, ಅಂದರೆ ಕಂಡೆನ್ಸರ್ ಎಷ್ಟು ವಿದ್ಯುತ್ ಹಿಡಿದಿಡುತ್ತದೆ ಅನ್ನುವ ಅಳತೆ. ಹಿಂದೆ ಪ್ರೆಸ್ಸಿನಲ್ಲಿ, ಟೈಪ್‌ರೈಟರಿನಲ್ಲಿ μ ಇಲ್ಲದಿದ್ದಾಗ ಎಂ ಹಾಕುತ್ತಿದ್ದರು, ಅದು ನಮ್ಮ ಲೈನಿನಲ್ಲಿ ಹಾಗೇ ಉಳಿದುಬಿಟ್ಟಿದೆ. ಈಗಿನ ಲೆಕ್ಕದಲ್ಲಿ ಸಣ್ಣ ಎಂ ಅಂದರೆ ಮಿಲಿ, ಆದರೆ ಕಂಡೆನ್ಸರ್ ಮೇಲಿನ ಎಂಎಫ್‌ಡಿಯನ್ನು ಯಾರೂ ಮಿಲಿ ಅಂತ ಓದಬಾರದು. ಐಟಿಐ ಮುಗಿಸಿ ನೇರವಾಗಿ ಅಂಗಡಿಗೆ ಬರುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದೇ ಇದು.

ಫ್ಯಾನ್ ನಿಧಾನ ತಿರುಗುತ್ತಿದೆ ಅಂತ ಜನ ಬರುತ್ತಾರೆ. ಮೀಟರ್ ಇಟ್ಟರೆ 2.5 ಇರಬೇಕಾದ್ದು ಒಂದೂವರೆಗೆ ಇಳಿದಿರುತ್ತದೆ. ಹತ್ತು ಲಕ್ಷದಲ್ಲಿ ಒಂದು ಭಾಗದ ಫ್ಯಾರಡ್, ಅದರಲ್ಲೂ ಒಂದು ಕಡಿಮೆಯಾದರೆ ಗಾಳಿಯೇ ಬರುವುದಿಲ್ಲ. ಮಲ್ಟಿಮೀಟರ್ ಸಿಕ್ಕರೆ ಇದನ್ನು ಕ್ಲಾಸಿನಲ್ಲೇ ಅಳೆದು ತೋರಿಸಬಹುದು. ಆದರೆ ಕೆಪಾಸಿಟೆನ್ಸ್ ಅಳೆಯುವ ಮೀಟರೇ ಬೇಕು, ಎಲ್ಲದರಲ್ಲೂ ಆ ಸೌಲಭ್ಯ ಇರುವುದಿಲ್ಲ. ಮತ್ತೆ, ಈಗಷ್ಟೇ ಫ್ಯಾನಿನಿಂದ ಬಿಚ್ಚಿದ್ದನ್ನು ಮಕ್ಕಳ ಕೈಗೆ ಕೊಡಬೇಡಿ, ಶಾಕ್ ಹೊಡೆಯುತ್ತದೆ.

ಡಿಟಿಪಿ ಕೆಲಸ ಮಾಡುವವರು

ನುಡಿಯಲ್ಲಿ ಕೂರದಿರುವುದಕ್ಕೆ ಕಾರಣ ಹೇಳುತ್ತೇನೆ, ಗೊತ್ತಾದರೆ ನಿಮಗೆ ಮುಂದೆಯೂ ಅನುಕೂಲ. ನುಡಿಯ ಹಳೇ ಆಸ್ಕಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದಾರೆ. ಮೈಕ್ರೋ ಚಿಹ್ನೆಯ ಜಾಗದಲ್ಲಿ ಕೂತಿರುವುದು ಷ. ಹಾಗಾಗಿ ಆ ಫಾಂಟಿನಲ್ಲಿ μ ಹಾಕಲು ಹೋದರೆ ಷ ತುಣುಕು ಬರುತ್ತದೆ. ಉಲ್ಟಾ ನೋಡಿದರೂ ಅಷ್ಟೇ: ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಫೈಲ್ ತೆರೆದಾಗ ಅರ್ಥವಿಲ್ಲದ ಗೀಚು ಕಾಣುತ್ತದಲ್ಲ, ಅದರಲ್ಲಿ 'ವಿಷಯ', 'ಕೃಷ್ಣ' ಇರುವ ಕಡೆ μ ಸಿಕ್ಕೇ ಸಿಗುತ್ತದೆ.

ಹಿಂದೆ ನಾವು ಇದಕ್ಕೆ ಸಿಂಬಲ್ ಫಾಂಟ್ ಹಾಕಿ ಎಂ ಕೀ ಒತ್ತುತ್ತಿದ್ದೆವು. ತೆರೆಯ ಮೇಲೆ ಚೆಂದವಾಗಿ μ ಕಾಣುತ್ತದೆ, ಆದರೆ ಫೈಲಿನ ಒಳಗಿರುವುದು ಎಂ. ಯಾರೋ ಪೂರ್ತಿ ಪುಟ ಸೆಲೆಕ್ಟ್ ಮಾಡಿ ಫಾಂಟ್ ಬದಲಾಯಿಸಿದರೆ μ ಹೋಗಿ ಎಂ ಆಗುತ್ತದೆ. ಮೈಕ್ರೋಗ್ರಾಂ ಇದ್ದದ್ದು ಮಿಲಿಗ್ರಾಂ! ಸಾವಿರ ಪಟ್ಟು ವ್ಯತ್ಯಾಸ, ಪ್ರೂಫ್ ನೋಡುವವರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅದು ತಪ್ಪು ಅಕ್ಷರದ ಹಾಗೆ ಕಾಣುವುದೇ ಇಲ್ಲ. ದಯವಿಟ್ಟು ಆ ದಾರಿ ಬೇಡ.

ಇಡೀ ನೋಟ್ಸನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ, ಅದರಲ್ಲಿ ಎಲ್ಲಾ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಇರುತ್ತದೆ. ವಿಂಡೋಸ್‌ನಲ್ಲಿ ಆಲ್ಟ್ ಕೀ ಹಿಡಿದುಕೊಂಡು ನಂಬರ್ ಪ್ಯಾಡಿನಲ್ಲಿ 0181 ಒತ್ತಿದರೆ ಬರುತ್ತದೆ. ಫೋನಿನಲ್ಲಾದರೆ ಗ್ರೀಕ್ ಕೀಬೋರ್ಡ್ ಸೇರಿಸಿಕೊಳ್ಳಿ, ಎಂ ಇರುವ ಜಾಗದಲ್ಲೇ ಇದೆ. ಕನ್ನಡ ಫಾಂಟಿನಲ್ಲಿ ಈ ಅಕ್ಷರ ಇಲ್ಲದಿದ್ದರೂ ಕಂಪ್ಯೂಟರ್ ಸಾಮಾನ್ಯವಾಗಿ ಇನ್ನೊಂದು ಫಾಂಟಿನಿಂದ ತಂದು ತೋರಿಸುತ್ತದೆ.

ಮೇಡಂ ಮತ್ತೆ ಕೇಳಿದ್ದು: ಯೂನಿಕೋಡಿನಲ್ಲಿ ಹಾಕಿದೆ, ಬಂತು, ತುಂಬಾ ಥ್ಯಾಂಕ್ಸ್. ಆದರೆ ಫೈಲಿನಲ್ಲಿ μ ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ಸಿಗುತ್ತಿಲ್ಲ. ಕಣ್ಣಿಗೆ ಎಲ್ಲಾ ಒಂದೇ ಥರ ಇವೆ.

ಅದೇ ಡಿಟಿಪಿಯವರು: ಎರಡು ಬೇರೆ ಅಕ್ಷರ ಸೇರಿಕೊಂಡಿವೆ. ಯೂನಿಕೋಡಿನಲ್ಲಿ 00ಬಿ5 ಅಂತ ಒಂದು ಮೈಕ್ರೋ ಚಿಹ್ನೆ ಇದೆ, 03ಬಿಸಿ ಅಂತ ನಿಜವಾದ ಗ್ರೀಕ್ ಅಕ್ಷರ ಇದೆ. ಮೊದಲನೆಯದು ಹಳೇ ಯುರೋಪಿಯನ್ ಅಕ್ಷರಪಟ್ಟಿಯಿಂದ ಹಾಗೇ ಬಂದದ್ದು. ನೀವು 0181 ಒತ್ತಿದ್ದು ಆ ಚಿಹ್ನೆ, ಫೋನಿನ ಗ್ರೀಕ್ ಕೀಬೋರ್ಡಿನಿಂದ ಬಂದದ್ದು ಗ್ರೀಕ್ ಅಕ್ಷರ. ಗ್ರೀಕ್ ಅಕ್ಷರವನ್ನೇ ಬಳಸಿ ಅನ್ನುವುದು ಯೂನಿಕೋಡಿನವರ ಸಲಹೆ. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ, ಇನ್ನೊಂದನ್ನು ಹುಡುಕಿ ಬದಲಿಸಿಬಿಡಿ.

ಔಷಧ ಅಂಗಡಿಯ ಫಾರ್ಮಸಿಸ್ಟ್

ಮೇಲಿನವರು ಹೇಳಿದ ಸಾವಿರ ಪಟ್ಟು ನಮಗೆ ದಿನಾ ತಲೆಯಲ್ಲಿರುವ ಭಯ. ಕೈಬರಹದ ಚೀಟಿಯಲ್ಲಿ μ ಬರೆದಾಗ ಎಡಗಡೆಯ ಬಾಲ ಸ್ವಲ್ಪ ಗಿಡ್ಡ ಆದರೂ ಅದು ಎಂ ಥರ ಕಾಣುತ್ತದೆ. ಥೈರಾಯ್ಡ್ ಮಾತ್ರೆ 25, 50, 100 ಮೈಕ್ರೋಗ್ರಾಂ ಲೆಕ್ಕದಲ್ಲಿ ಬರುತ್ತದೆ, ಅಲ್ಲಿ ಯಾರಾದರೂ ಮಿಲಿಗ್ರಾಂ ಅಂತ ಓದಿದರೂ ಅಷ್ಟು ದೊಡ್ಡ ಮಾತ್ರೆ ಇಲ್ಲವೇ ಇಲ್ಲ, ಹಾಗಾಗಿ ಸಿಕ್ಕಿಬೀಳುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಹಾಗಲ್ಲ. ಅದರ ಸಾಮಾನ್ಯ ಮಾತ್ರೆ 250 ಮೈಕ್ರೋಗ್ರಾಂ, ಅಂದರೆ ಕಾಲು ಮಿಲಿಗ್ರಾಂ. ಅಲ್ಲಿ ಒಂದು ಚುಕ್ಕೆ, ಒಂದು ಬಾಲ ಹೆಚ್ಚುಕಮ್ಮಿಯಾದರೂ ಜೀವಕ್ಕೆ ಅಪಾಯ. ಅದಕ್ಕೇ ಔಷಧ ಸುರಕ್ಷತೆ ನೋಡುವವರು ಚೀಟಿಯಲ್ಲಿ μ ಬರೆಯಲೇಬೇಡಿ, ಎಂಸಿಜಿ ಅಂತ ಬರೆಯಿರಿ, ಇಲ್ಲವೇ ಪೂರ್ತಿ ಮೈಕ್ರೋಗ್ರಾಂ ಅಂತಲೇ ಬರೆಯಿರಿ ಅನ್ನುತ್ತಾರೆ. ನನಗಂತೂ ಪೂರ್ತಿ ಬರೆಯುವುದೇ ಇಷ್ಟ.

ಮಕ್ಕಳಿಗೆ ಒಂದು ಒಳ್ಳೇ ಲೆಕ್ಕ ಇದೆ. ವಿಟಮಿನ್ ಡಿ 60,000 ಯೂನಿಟ್ ಅಂತ ವಾರಕ್ಕೊಂದು ಮಾತ್ರೆ ಬರೆದುಕೊಡುತ್ತಾರಲ್ಲ, ಮನೆಯಲ್ಲಿ ಯಾರಾದರೂ ತಗೊಂಡಿರುತ್ತಾರೆ. ವಿಟಮಿನ್ ಡಿಗೆ 40 ಯೂನಿಟ್ ಅಂದರೆ 1 ಮೈಕ್ರೋಗ್ರಾಂ. ಭಾಗಿಸಿ ನೋಡಲಿ: 1500 ಮೈಕ್ರೋಗ್ರಾಂ, ಅಂದರೆ ಬರೀ ಒಂದೂವರೆ ಮಿಲಿಗ್ರಾಂ. ಅರವತ್ತು ಸಾವಿರ ಅನ್ನುವ ದೊಡ್ಡ ಸಂಖ್ಯೆಯ ಹಿಂದೆ ಇರುವ ವಸ್ತು ಎಷ್ಟು ಚಿಕ್ಕದು ಅಂತ ಅವರಿಗೇ ಆಶ್ಚರ್ಯ ಆಗುತ್ತದೆ. ಲ್ಯಾಬ್ ರಿಪೋರ್ಟ್ ತರಲು ಹೇಳಿದರೂ ಆಗುತ್ತದೆ (ಹೆಸರು ಮುಚ್ಚಿ). ಥೈರಾಯ್ಡ್ ಟೆಸ್ಟಿನ ರಿಪೋರ್ಟಿನಲ್ಲಿ ತುಂಬಾ ಕಡೆ μ ಬದಲು ಇಂಗ್ಲಿಷ್ ಯು ಅಚ್ಚಾಗಿರುತ್ತದೆ, ನಿಮ್ಮ ಮಕ್ಕಳು ಯು ಅಂತ ಓದುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಲಿಪಿಗಳ ಬಗ್ಗೆ ಓದಿಕೊಂಡವರು

ಇತಿಹಾಸ ಚಿಕ್ಕದಾಗಿ ಹೇಳುತ್ತೇನೆ. ಇಂದಿನ ಲೆಬನಾನ್ ಕರಾವಳಿಯ ಫಿನೀಷಿಯನ್ನರ ಲಿಪಿಯಲ್ಲಿ 'ಮೇಮ್' ಅಂತ ಒಂದು ಅಕ್ಷರ ಇತ್ತು. ಆ ಹೆಸರು ನೀರಿಗೆ ಸಂಬಂಧಿಸಿದ್ದು, ಆಕಾರವೂ ಅಲೆಯ ಹಾಗೆ ಅಂಕುಡೊಂಕು. ಕ್ರಿಸ್ತಪೂರ್ವ 8ನೇ ಶತಮಾನದ ಹೊತ್ತಿಗೆ ಗ್ರೀಕರು ಆ ಲಿಪಿ ತೆಗೆದುಕೊಂಡು ತಮ್ಮ ಭಾಷೆಗೆ ಹೊಂದಿಸಿಕೊಂಡರು. ಅವರ ಪಟ್ಟಿಯಲ್ಲಿ ಇದು 12ನೆಯದು. ದೊಡ್ಡಕ್ಷರ ಇಂದಿಗೂ ಇಂಗ್ಲಿಷ್ ಎಂ ಥರಾನೇ ಇದೆ, ಏಕೆಂದರೆ ರೋಮನ್ನರ ಎಂ ಬಂದದ್ದೂ ಆ ಕಡೆಯಿಂದಲೇ. ನಾವು ನೋಡುವ ಬಾಲದ μ ತುಂಬಾ ಈಚಿನದು. ಬೈಜಾಂಟಿಯಂನ ಲಿಪಿಕಾರರು 9ನೇ ಶತಮಾನದಲ್ಲಿ ಪುಸ್ತಕಗಳನ್ನು ಬೇಗ ಬೇಗ ಬರೆಯಲು ಚಿಕ್ಕಕ್ಷರಗಳ ಬರವಣಿಗೆ ರೂಢಿಸಿಕೊಂಡರು, ಈ ರೂಪ ನೆಲೆಯಾದದ್ದು ಅಲ್ಲಿ. ಗ್ರೀಕರು ಅಕ್ಷರಗಳನ್ನೇ ಅಂಕಿಗಳಾಗಿಯೂ ಬಳಸುತ್ತಿದ್ದರು, ಅದರಲ್ಲಿ ಇದು 40.

'ಮೈಕ್ರೋ'ಗೆ ಇದೇ ಯಾಕೆ ಅಂದರೆ, ಚಿಕ್ಕದು ಅನ್ನುವುದಕ್ಕೆ ಗ್ರೀಕಿನಲ್ಲಿ 'ಮಿಕ್ರೋಸ್' ಅನ್ನುತ್ತಾರೆ, ಮೊದಲ ಅಕ್ಷರ μ. 1873ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಮಿತಿಯೊಂದು ಹತ್ತು ಲಕ್ಷದಲ್ಲಿ ಒಂದಕ್ಕೆ 'ಮೈಕ್ರೋ' ಅನ್ನುವುದನ್ನು ಒಪ್ಪಿತು, 1960ರಲ್ಲಿ ಅದು ಅಳತೆಗಳ ಅಂತಾರಾಷ್ಟ್ರೀಯ ಪದ್ಧತಿಯಾದ ಎಸ್‌ಐಗೆ ಬಂತು. ಸಾವಿರಕ್ಕೆ ಕಿಲೋದ ಕೆ, ಸಾವಿರದಲ್ಲಿ ಒಂದಕ್ಕೆ ಮಿಲಿಯ ಎಂ, ಹೀಗೆ ಉಳಿದವೆಲ್ಲ ರೋಮನ್ ಅಕ್ಷರಗಳು, ಇದೊಂದೇ ಗ್ರೀಕ್. ಎಂ ಆಗಲೇ ಮಿಲಿಗೆ ಹೋಗಿತ್ತಲ್ಲ.

ಒಂದು ಎಚ್ಚರಿಕೆ: ನಮ್ಮ ಮ ಮತ್ತು μ ಒಂದೇ ತಾಯಿಯ ಮಕ್ಕಳು ಅಂತ ಕ್ಲಾಸಿನಲ್ಲಿ ಹೇಳಿಬಿಡಬೇಡಿ. ಕನ್ನಡ ಲಿಪಿ ಬ್ರಾಹ್ಮಿಯಿಂದ ಬಂದದ್ದು ಸರಿ, ಆದರೆ ಬ್ರಾಹ್ಮಿ ಪಶ್ಚಿಮದ ಅರಾಮಿಕ್ ಲಿಪಿಯಿಂದ ಬಂತೋ ಇಲ್ಲೇ ಹುಟ್ಟಿತೋ ಅನ್ನುವ ವಾದ ವಿದ್ವಾಂಸರಲ್ಲಿ ಇನ್ನೂ ನಡೆಯುತ್ತಿದೆ. ಉಚ್ಚಾರಕ್ಕೆ 'ಮ್ಯೂ' ಅಂದರೆ ಸಾಕು. ಇಂದಿನ ಗ್ರೀಸಿನಲ್ಲಿ 'ಮಿ' ಅನ್ನುತ್ತಾರೆ.

ಕೋಲಾರ ಜಿಲ್ಲೆಯವರು, ನಿವೃತ್ತ ಮೇಷ್ಟ್ರು

ಮೇಡಂ, ಎಲ್ಲರೂ ಮೈಕ್ರೋ ಹಿಂದೆ ಹೋದರು. ನೀವು ಕರ್ನಾಟಕದ ಮಕ್ಕಳಿಗೆ ಪಾಠ ಮಾಡುತ್ತಿದ್ದೀರಿ, ಮ್ಯೂಆನ್ ಬಿಡಬೇಡಿ. ನಾನು ಪ್ರತಿ ವರ್ಷ ಹೇಳುತ್ತಿದ್ದ ಪಾಠ ಇದು, ಮಕ್ಕಳು ಬೆಲ್ ಹೊಡೆದರೂ ಏಳುತ್ತಿರಲಿಲ್ಲ.

1936ರಲ್ಲಿ ಅಮೆರಿಕದಲ್ಲಿ ಕಾರ್ಲ್ ಆಂಡರ್ಸನ್ ಮತ್ತು ಸೆತ್ ನೆಡರ್ಮೆಯರ್ ಕಾಸ್ಮಿಕ್ ಕಿರಣಗಳಲ್ಲಿ ಒಂದು ಹೊಸ ಕಣ ಕಂಡರು. ಎಲೆಕ್ಟ್ರಾನಿನ ಥರಾನೇ, ಆದರೆ ಸುಮಾರು 207 ಪಟ್ಟು ಭಾರ. ಅದಕ್ಕೆ ಆಮೇಲೆ ನಿಂತ ಗುರುತು μ. ಬಾಹ್ಯಾಕಾಶದಿಂದ ಬರುವ ಕಿರಣ ಮೇಲಿನ ವಾತಾವರಣಕ್ಕೆ ಬಡಿದಾಗ ಇವು ಹುಟ್ಟುತ್ತವೆ. ಈಗಲೂ ಅಂಗೈ ಬಿಚ್ಚಿ ಹಿಡಿದರೆ ಸೆಕೆಂಡಿಗೆ ಸುಮಾರು ಒಂದು ಮ್ಯೂಆನ್ ಅದರ ಮೂಲಕ ಹಾದು ಹೋಗುತ್ತಿರುತ್ತದೆ.

ಇವು ಕಲ್ಲನ್ನೂ ತೂರಿಕೊಂಡು ಆಳಕ್ಕೆ ಹೋಗುತ್ತವೆ. ಎಷ್ಟು ಆಳಕ್ಕೆ ಎಷ್ಟು ಉಳಿಯುತ್ತವೆ ಅಂತ ಅಳೆಯಲು ತುಂಬಾ ಆಳದ ಗುಂಡಿ ಬೇಕಲ್ಲ, ನಮ್ಮ ಕೆಜಿಎಫ್ ಗಣಿ ಇತ್ತು. 1950ರ ದಶಕದ ಶುರುವಿನಲ್ಲೇ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಿ.ವಿ. ಶ್ರೀಕಂಠನ್ ಉಪಕರಣ ಹೊತ್ತು ಗಣಿಗೆ ಇಳಿದು ಬೇರೆ ಬೇರೆ ಆಳದಲ್ಲಿ ಮ್ಯೂಆನ್ ಎಣಿಸಿದರು. ಅವರು ನಂಜನಗೂಡಿನ ಕಡೆಯವರು, ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. ಆಮೇಲೆ 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2 ಕಿಲೋಮೀಟರಿಗೂ ಕೆಳಗೆ, ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಅನ್ನುವ, ಯಾವುದಕ್ಕೂ ಸುಲಭವಾಗಿ ತಾಗದ ಅತಿ ಹಗುರ ಕಣದ ಸುಳಿವು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಇನ್ನೊಂದು ತಂಡ ಹಿಡಿಯಿತು. ನ್ಯೂಟ್ರಿನೋ ತಾನಾಗಿ ಕಾಣುವುದಿಲ್ಲ. ಅದು ಕಲ್ಲಿಗೆ ತಾಗಿ ಹುಟ್ಟಿಸಿದ ಮ್ಯೂಆನ್ ಕಾಣುತ್ತದೆ. ಮೇಲಿನಿಂದ ಬರುವ ಮಾಮೂಲಿ ಮ್ಯೂಆನ್‌ಗಳು ಅಷ್ಟು ಆಳದಲ್ಲಿ ಹೆಚ್ಚುಕಡಿಮೆ ಇಲ್ಲ, ಬಂದರೂ ಮೇಲಿನಿಂದ ಕೆಳಕ್ಕೆ. ಅಡ್ಡಡ್ಡ ಹೋಗುವ ಒಂದು ಮ್ಯೂಆನ್ ಕಂಡಿತು ಅಂದರೆ ಅದು ನ್ಯೂಟ್ರಿನೋದಿಂದಲೇ ಬಂದಿರಬೇಕು. ಆ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬ ಮಾತ್ರ ನೋಡಿಕೊಂಡು ಬೆಳೆದ ಇಲ್ಲಿನ ಮಕ್ಕಳಿಗೆ ಈ ಕಥೆ ಗೊತ್ತಾಗಲೇಬೇಕು ಅಂತ ನನಗೆ ತುಂಬಾ ಇದೆ.

ಬೋರ್ಡಿನ ಮೇಲೆ ಮಾಡಿಸಲು ಒಂದು ಲೆಕ್ಕ: ಮ್ಯೂಆನಿನ ಆಯಸ್ಸು ಸರಾಸರಿ 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರ್ ಹೋಗಬಹುದು. ಹುಟ್ಟುವುದು ಮಾತ್ರ ಸುಮಾರು 15 ಕಿಲೋಮೀಟರ್ ಮೇಲೆ. ಹಾಗಾದರೆ ನಮ್ಮ ಅಂಗೈಗೆ ಹೇಗೆ ಬಂತು? ಯೋಚನೆ ಮಾಡಲು ಬಿಡಿ. ಆಮೇಲೆ ಐನ್‌ಸ್ಟೈನ್ ಹೆಸರು ಹೇಳಿ: ಅಷ್ಟು ವೇಗದಲ್ಲಿ ಓಡುವ ಕಣದ ಗಡಿಯಾರ ನಮಗೆ ನಿಧಾನವಾಗಿ ಓಡುವಂತೆ ಕಾಣುತ್ತದೆ, ಅದಕ್ಕೇ ಅದು ಇಲ್ಲಿಯವರೆಗೆ ಬದುಕಿ ಬರುತ್ತದೆ.

ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಿರುವವರು

ನಮ್ಮಲ್ಲಿ μ ಅಂದರೆ ಸರಾಸರಿ, ಆದರೆ ಇಡೀ ಸಮೂಹದ ಸರಾಸರಿ. ಆರಿಸಿಕೊಂಡ ಕೆಲವರದ್ದು ಮಾತ್ರ ಲೆಕ್ಕ ಹಾಕಿದರೆ ಎಕ್ಸ್ ಮೇಲೆ ಗೆರೆ. ಇಷ್ಟೇ.

ಪೀಣ್ಯದ ಮೆಷಿನ್ ಶಾಪಿನಲ್ಲಿರುವವರು

ನಮಗೆ ಇದು ಮೈಕ್ರಾನ್. ಆ ಹೆಸರನ್ನು ಅಂತಾರಾಷ್ಟ್ರೀಯ ಪದ್ಧತಿಯಿಂದ 1967ರಲ್ಲೇ ತೆಗೆದರು, ಮೈಕ್ರೋಮೀಟರ್ ಅನ್ನಬೇಕು, ಆದರೆ ಶಾಪ್ ಫ್ಲೋರಿನಲ್ಲಿ 'ಹತ್ತು ಮೈಕ್ರಾನ್ ಜಾಸ್ತಿ ಇದೆ' ಅಂತಲೇ ಮಾತು. ಮಕ್ಕಳಿಗೂ ಈ ಪದ ಗೊತ್ತಿರುತ್ತದೆ, ಪ್ಲಾಸ್ಟಿಕ್ ಕವರಿನ ಸುದ್ದಿಯಲ್ಲಿ ಕೇಳಿರುತ್ತಾರೆ. ಕೇಂದ್ರದ ನಿಯಮದಲ್ಲಿ ಕ್ಯಾರಿಬ್ಯಾಗ್ ದಪ್ಪ ಮೊದಲು ಕನಿಷ್ಠ 50 ಮೈಕ್ರಾನ್ ಇತ್ತು, 2021ರಲ್ಲಿ 75 ಆಯಿತು, 2022ರ ಕೊನೆಗೆ 120. ನಮ್ಮ ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ, ಆದರೂ ಮನೆಯಲ್ಲಿ ಒಂದೆರಡು ಸಿಗುತ್ತವೆ.

ಹತ್ತಿರದ ಪಿಯು ಕಾಲೇಜಿನಿಂದ ತೆಳು ವಸ್ತುವಿನ ದಪ್ಪ ಅಳೆಯುವ ಒಂದು ಸ್ಕ್ರೂಗೇಜ್ ತರಿಸಿ. ಅದರ ಒಂದು ಗೆರೆ ಅಂದರೆ 0.01 ಮಿಲಿಮೀಟರ್, 10 ಮೈಕ್ರಾನ್. ತೆಳು ಕವರಿನ ಒಂದು ಪದರ ಅಳೆದರೆ ಸರಿಯಾಗಿ ಬರುವುದಿಲ್ಲ, ಎಂಟು ಪದರ ಮಡಚಿ ಅಳೆದು ಎಂಟರಿಂದ ಭಾಗಿಸಲಿ. ಸ್ಕ್ರೂ ಬಿಗಿ ಮಾಡುವಾಗ ಹಿಂದಿನ ರ‍್ಯಾಚೆಟ್ ತಿರುಗಿಸಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಒತ್ತಿಹೋಗಿ ಅಳತೆ ಕಮ್ಮಿ ಬರುತ್ತದೆ. ನೋಟ್‌ಬುಕ್ ಹಾಳೆಯನ್ನೂ ಹೀಗೇ ಮಾಡಿಸಿ, ಜೆರಾಕ್ಸ್ ಪೇಪರ್ ಆದರೆ ಸುಮಾರು 100 ಬರುತ್ತದೆ.

ಮೇಡಂ: ಹಾಗಾದರೆ ಶುರುವಿಗೆ ಸ್ಕ್ರೂಗೇಜ್ ಮತ್ತು ಕಂಡೆನ್ಸರ್, ಮಧ್ಯದಲ್ಲಿ ಫಿನೀಷಿಯನ್ನರು, ಆಮೇಲೆ ಕೆಜಿಎಫ್. ಔಷಧದ ಲೆಕ್ಕ ಮನೆಗೆಲಸಕ್ಕೆ ಕೊಡುತ್ತೇನೆ. ಒಂದು ಪೀರಿಯಡ್ ಸಾಲದು, ಶನಿವಾರದ ಎರಡು ಪೀರಿಯಡ್ ಒಟ್ಟಿಗೆ ಕೇಳಿದ್ದೇನೆ. ನಮ್ಮ ಹತ್ತಿರದ ಕಾಲೇಜಿನಲ್ಲಿ ಸ್ಕ್ರೂಗೇಜ್ ಒಂದೇ ಸಿಗಬಹುದು ಅಂದಿದ್ದಾರೆ. ತುಮಕೂರು ಸುತ್ತಮುತ್ತ ಇರುವ ಯಾರ ಬಳಿಯಾದರೂ ಇನ್ನೊಂದು ಇದ್ದರೆ ಆ ಒಂದು ದಿನಕ್ಕೆ ಕೊಡುತ್ತೀರಾ?