ತಾಂಜಾನಿಯಾದ ಹಳ್ಳಿಗೆ ಹೊರಟಿದ್ದೇನೆ, ಹೊರಗಿನವಳಾಗಿಯೇ ಉಳಿಯಬಾರದು ಅಂದರೆ ಏನು ಮಾಡಲಿ?

ಕೇಳಿದವರು (ಹಾಸನ):

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಬಿ.ಎಡ್. ಮುಗಿದಿದೆ. ಜನವರಿಯಿಂದ ಹನ್ನೊಂದು ತಿಂಗಳು ತಾಂಜಾನಿಯಾದ ಎನ್‌ಜೊಂಬೆ ಹತ್ತಿರದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡೋಕೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದೇನೆ. ಪಾಠದ ಭಯವಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕಿಕೊಂಡು ಒಬ್ಬಳೇ ಕೂರಬೇಕಾಗುತ್ತಾ ಅನ್ನೋದೇ ಭಯ. ನಾನು ಮಾಂಸ ತಿನ್ನಲ್ಲ, ಅದೊಂದು ಯೋಚನೆ. ಆಫ್ರಿಕಾದ ಹಳ್ಳಿಗಳಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ಹೇಳಿ. ಅಲ್ಲಿ ‘ಇದು ನಮ್ಮೂರು’ ಅನ್ನಿಸಿದ್ದು ಯಾವಾಗ? ಹೇಗೆ?

ಮಂಡ್ಯದ ಶಿಕ್ಷಕಿ:

ತಂಗಿ, ನಾನು ಅದೇ ಸೀಮೆಯಲ್ಲಿ ಎರಡು ವರ್ಷ ಪಾಠ ಮಾಡಿದವಳು. ಮೊದಲು ಎರಡು ಸ್ವೆಟರ್ ಇಟ್ಟುಕೊಳ್ಳಿ. ಎನ್‌ಜೊಂಬೆ ಸುಮಾರು 2000 ಮೀಟರ್ ಎತ್ತರದಲ್ಲಿದೆ. ಜೂನ್, ಜುಲೈನಲ್ಲಿ ಬೆಳಿಗ್ಗೆ ಸೀಮೆಸುಣ್ಣ ಹಿಡಿಯೋಕೂ ಕೈ ಬರಲ್ಲ.

ಗಡಿಯಾರದ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಅಲ್ಲಿ ಬೆಳಕು ಹರಿದಲ್ಲಿಂದ ಗಂಟೆ ಎಣಿಸುತ್ತಾರೆ. ನಮ್ಮ ಏಳು ಗಂಟೆ ಅವರಿಗೆ ‘ಸಾ ಮೋಜಾ’, ಅಂದರೆ ಒಂದು ಗಂಟೆ. ನಮ್ಮ ಪಂಚಾಂಗದಲ್ಲೂ ಘಳಿಗೆ ಎಣಿಸೋದು ಸೂರ್ಯ ಹುಟ್ಟಿದ ಮೇಲೇ ಅಲ್ವಾ? ‘ಬಸ್ಸು ಬೆಳಿಗ್ಗೆ ಹನ್ನೆರಡಕ್ಕೆ’ ಅಂದರೆ ಆರು ಗಂಟೆಗೆ ಅಂತ. ಇದು ತಿಳಿಯದೆ ನನಗೆ ಒಂದು ಬಸ್ಸು ತಪ್ಪಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲ ಮೂರು ತಿಂಗಳು ನನ್ನನ್ನು ತುಂಬಾ ಚೆನ್ನಾಗಿ ನೋಡಿಕೊಂಡರು. ಹೋದಲ್ಲೆಲ್ಲ ಕುರ್ಚಿ ತಂದು ಹಾಕುತ್ತಿದ್ದರು. ಉಳಿದ ಹೆಂಗಸರು ಚಾಪೆ ಮೇಲೆ, ನಾನೊಬ್ಬಳೇ ಕುರ್ಚಿ ಮೇಲೆ. ಆ ಕುರ್ಚಿಯಷ್ಟು ಒಂಟಿ ಜಾಗ ಇನ್ನೊಂದಿಲ್ಲ.

ಶಾಲೆಯಲ್ಲಿ ಒಂದು ನೋಟ್‌ಬುಕ್ ಓಡಾಡುತ್ತಿತ್ತು. ಯಾರದೋ ಮನೆಯಲ್ಲಿ ಸಾವು, ಯಾರದೋ ಮದುವೆ ಅಂದರೆ ಎಲ್ಲರೂ ಹೆಸರು ಬರೆದು ದುಡ್ಡು ಹಾಕುತ್ತಾರೆ. ಅದಕ್ಕೆ ‘ಮ್ಚಾಂಗೊ’ ಅನ್ನುತ್ತಾರೆ. ನಮ್ಮ ಮುಯ್ಯಿ ಇದ್ದ ಹಾಗೇ. ಆ ಪುಸ್ತಕ ನನ್ನ ಮೇಜನ್ನು ದಾಟಿ ಪಕ್ಕದ ಮೇಜಿಗೆ ಹೋಗುತ್ತಿತ್ತು. ಅತಿಥಿ ಹತ್ತಿರ ಕೇಳಬಾರದು ಅಂತ. ಒಂದು ದಿನ ನಾನೇ ಎದ್ದು ಹೋಗಿ, ನನ್ನ ಹೆಸರೂ ಬರೆಯಿರಿ, ಎಲ್ಲರೂ ಕೊಡೋಷ್ಟೇ ಕೊಡುತ್ತೇನೆ ಅಂದೆ. ಜಾಸ್ತಿ ಕೊಡಲಿಲ್ಲ, ಅದು ಮುಖ್ಯ. ಜಾಸ್ತಿ ಕೊಟ್ಟಿದ್ದರೆ ಮತ್ತೆ ಕುರ್ಚಿಗೇ ವಾಪಸ್ ಹೋಗುತ್ತಿದ್ದೆ.

ಭಾಷೆ ಹೇಗೆ ಬಂತು ಅಂತಲೂ ಹೇಳಬೇಕು. ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠವೆಲ್ಲ ಕಿಸ್ವಾಹಿಲಿಯಲ್ಲಿ. ಪ್ರೌಢಶಾಲೆಗೆ ಬಂದ ಕೂಡಲೇ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಸೈನ್ಸ್‌ಗೆ ಸೇರಿದ ನಮಗೆ ಆ ಮಕ್ಕಳ ಮುಖ ನೋಡಿದರೆ ಸಾಕು, ಎಲ್ಲ ಅರ್ಥವಾಗುತ್ತೆ. ಗೊತ್ತಿರೋ ಉತ್ತರವೂ ಬಾಯಿಗೆ ಬರಲ್ಲ. ನನಗೂ ಹೀಗೇ ಆಗಿತ್ತು ಅಂತ ಅವರಿಗೆ ಹೇಳಿದೆ. ನಾನೊಂದು ಪದ ಹೇಳಿಕೊಟ್ಟರೆ ನೀವೊಂದು ಹೇಳಿಕೊಡಿ ಅಂದೆ. ತ್ರಿಕೋನಕ್ಕೆ ‘ಪೆಂಬೆಟಾಟು’ ಅಂದರು. ಪೆಂಬೆ ಅಂದರೆ ಮೂಲೆ, ಟಾಟು ಅಂದರೆ ಮೂರು. ನಾನು ಬೋರ್ಡಿನ ಮೇಲೆ ‘ತ್ರಿಕೋನ’ ಅಂತ ಬರೆದು, ನಮ್ಮಲ್ಲೂ ಹೀಗೇ, ಮೂರು ಕೋನ ಅಂದೆ. ಅವತ್ತು ಸಂಜೆ ನಾಲ್ಕು ಹುಡುಗಿಯರು ನನ್ನ ಮನೆವರೆಗೂ ನಡೆದು ಬಂದರು.

ನಿಮ್ಮನ್ನು ಎಲ್ಲರೂ ‘ಮ್ವಲಿಮು’ ಅಂತ ಕರೆಯುತ್ತಾರೆ. ಮೇಷ್ಟ್ರು ಅಂತ. ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಕೂಡ ಮೊದಲು ಶಾಲಾ ಶಿಕ್ಷಕರು, ಜನ ಇವತ್ತಿಗೂ ಅವರನ್ನು ಮ್ವಲಿಮು ಅಂತಲೇ ನೆನೆಯುತ್ತಾರೆ. ಆ ಹೆಸರಿಗೆ ಅಷ್ಟು ಬೆಲೆಯಿದೆ.

ಧಾರವಾಡದಿಂದ, ಮಲಾವಿಯಲ್ಲಿ ಕೃಷಿ ಕೆಲಸಕ್ಕೆ ಹೋಗಿದ್ದವರು:

ಅಕ್ಕಾವ್ರು ಮುಯ್ಯಿ ಅಂದದ್ದು ಖರೆ. ನಾನಿದ್ದದ್ದು ಪಕ್ಕದ ಮಲಾವಿಯಲ್ಲಿ. ಹಳ್ಳಿಗೆ ಕಾಲಿಟ್ಟ ದಿನವೇ ಊರ ಮುಖ್ಯಸ್ಥರನ್ನು ಕಂಡು ಬಂದಿದ್ದೆ. ಅದು ಅಲ್ಲಿನ ರೀತಿ. ಆದರೆ ನಾನು ಊರಿನವನಾದದ್ದು ಒಂದು ಸಾವಿನ ಮನೆಯಲ್ಲಿ.

ಅಲ್ಲಿ ಒಬ್ಬರು ತೀರಿಕೊಂಡರೆ ಊರಿಗೆ ಊರೇ ಹೊಲದ ಕೆಲಸ ನಿಲ್ಲಿಸುತ್ತದೆ. ಹೆಂಗಸರು ಹಿಟ್ಟು, ಕಟ್ಟಿಗೆ ಹೊತ್ತು ತರುತ್ತಾರೆ. ರಾತ್ರಿಯೆಲ್ಲ ಹಾಡುತ್ತಾರೆ. ನಾವು ಅವತ್ತು ಬೀಜದ ತರಬೇತಿ ಇಟ್ಟುಕೊಂಡಿದ್ದೆವು. ಒಬ್ಬರೂ ಬರಲಿಲ್ಲ. ನನಗೆ ಸಿಟ್ಟು ಬಂದಿತ್ತು, ಈಗ ನೆನೆಸಿದರೆ ನಾಚಿಕೆಯಾಗುತ್ತದೆ. ಪಕ್ಕದ ಮನೆಯ ಅಜ್ಜ ಬಂದು ಬಾಗಿಲಲ್ಲಿ ನಿಂತು, ನೀ ಬರೋದಿಲ್ಲೇನು ಅಂತ ಕೇಳಿದ. ಹೋದೆ. ಗಂಡಸರ ಜೊತೆ ಮರದ ಕೆಳಗೆ ಮಧ್ಯಾಹ್ನದವರೆಗೆ ಸುಮ್ನೆ ಕೂತೆ. ಯಾರೂ ಜಾಸ್ತಿ ಮಾತಾಡಲಿಲ್ಲ. ಮುಂದಿನ ವಾರ ತರಬೇತಿಗೆ ಕೂರಲು ಜಾಗ ಸಾಲಲಿಲ್ಲ.

ಇನ್ನೊಂದು ಮಾತು. ಮಲಾವಿಯಲ್ಲಿ ಜನವರಿ, ಫೆಬ್ರವರಿ ಅಂದರೆ ಕಣಜ ಬರಿದಾಗುವ ಕಾಲ. ಮುಸುಕಿನ ಜೋಳ ಹೊಲದಲ್ಲಿ ಹಸಿರಿರುತ್ತದೆ, ಮನೆಯಲ್ಲಿ ಹಿಟ್ಟಿರುವುದಿಲ್ಲ. ಆಗಲೂ ಮನೆಗೆ ಬಂದವರಿಗೆ ‘ನ್ಸಿಮಾ’ ಮುದ್ದೆ ತಿರುವಿ ಬಡಿಸುತ್ತಾರೆ. ಬೇಡ ಅನ್ನಬೇಡಿ, ಮನಸ್ಸಿಗೆ ಹತ್ತುತ್ತದೆ. ಹೋಗುವಾಗಲೇ ಒಂದು ಪೊಟ್ಟಣ ಸಕ್ಕರೆಯೋ ಉಪ್ಪೋ ಕೈಯಲ್ಲಿರಲಿ. ಏನೇ ಕೊಟ್ಟರೂ ಎರಡೂ ಕೈಯಲ್ಲಿ ತಗೊಳ್ಳಿ.

ಬೆಂಗಳೂರಿನ ನರ್ಸ್:

ಮೇಡಂ, ಎನ್‌ಜೊಂಬೆ ಎತ್ತರದ ಜಾಗ, ಸೊಳ್ಳೆ ಕಡಿಮೆ. ಆದರೆ ದಾರ್ ಎಸ್ ಸಲಾಮ್‌ಗೋ ಮೊರೊಗೊರೊ ಕಡೆಗೋ ಇಳಿದು ಬಂದ ಮೇಲೆ ಜ್ವರ ಬಂದರೆ ಅವತ್ತೇ ಮಲೇರಿಯಾ ಪರೀಕ್ಷೆ ಮಾಡಿಸಿ. ‘ಸುಸ್ತಾಗಿದೆ ಅಷ್ಟೇ’ ಅಂತ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ನಾನು ನರ್ಸ್ ಆಗಿದ್ದೂ ಎರಡು ದಿನ ತಡ ಮಾಡಿದ್ದೆ. ಹೋಗೋ ಮೊದಲು ಡಾಕ್ಟರ್ ಹತ್ತಿರ ಮಾತ್ರೆ, ಲಸಿಕೆ ಎಲ್ಲ ಕೇಳಿಕೊಳ್ಳಿ.

ಅಮ್ಮನಿಗೆ ಫೋನ್ ಮಾಡೋ ಹೊತ್ತನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ. ಅಲ್ಲಿ ರಾತ್ರಿ ಎಂಟು ಅಂದರೆ ಇಲ್ಲಿ ಹತ್ತೂವರೆ. ನಾನು ದಿನಾ ಕಾಲ್ ಮಾಡಿ ದಿನಾ ಅಳುತ್ತಿದ್ದೆ. ಭಾನುವಾರ, ಬುಧವಾರ ಮಾತ್ರ ಅಂತ ಮಾಡಿಕೊಂಡ ಮೇಲೆ ಉಳಿದ ಸಂಜೆಗಳಲ್ಲಿ ಪಕ್ಕದ ಮನೆಗೆ ಹೋಗೋದು ಅಭ್ಯಾಸವಾಯ್ತು. ಅಂಗಳದಲ್ಲಿ ನಿಂತು ‘ಹೋಡಿ’ ಅಂತ ಕೂಗಬೇಕು. ಒಳಗಿಂದ ‘ಕರೀಬು’ ಅಂದ ಮೇಲೆ ಹೋಗಬೇಕು. ಹಿರಿಯರಿಗೆ ‘ಶಿಕಮೋ’ ಅನ್ನಿ, ಅವರು ‘ಮರಹಬಾ’ ಅಂತಾರೆ. ಇದನ್ನು ಬಿಟ್ಟು ನೇರ ವಿಷಯಕ್ಕೆ ಬಂದರೆ ಒರಟು ಅನ್ನಿಸುತ್ತೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಡ್ಯದ ಅಕ್ಕ, ಮಾಂಸದ ವಿಷಯ ಹೇಳಲಿಲ್ಲ. ಇನ್ನೊಂದು, ಜನ ದುಡ್ಡು ಕೇಳಿದರೆ ಏನು ಮಾಡೋದು?

ಮಂಡ್ಯದ ಶಿಕ್ಷಕಿ:

ಮಾಂಸದ ವಿಷಯ ಮೊದಲ ದಿನವೇ ಹೇಳಿ. ‘ಸಿಲಿ ನ್ಯಾಮಾ’, ಮಾಂಸ ತಿನ್ನಲ್ಲ ಅಂತ. ನಿಮಗಾಗಿ ಕೋಳಿ ಕೊಯ್ದ ಮೇಲೆ ಹೇಳಿದರೆ ಅವರಿಗೂ ನೋವು, ನಿಮಗೂ ನೋವು. ಸೊಪ್ಪಿನಲ್ಲಿ ‘ದಗಾ’ ಅಂತ ಸಣ್ಣ ಒಣಮೀನು ಹಾಕಿರುತ್ತಾರೆ, ಅದನ್ನೂ ಕೇಳಿಕೊಳ್ಳಿ. ಹುರುಳಿಕಾಯಿ ಬೀಜದ ಸಾರು, ದಂಟಿನ ಸೊಪ್ಪು ಎಲ್ಲ ಸಿಗುತ್ತೆ. ಊಟಕ್ಕೆ ಕಷ್ಟ ಆಗಲ್ಲ.

ಹಾಸನದವರಿಗೆ ಇದನ್ನು ಹೇಳಲೇಬೇಕು. ಸಂತೆಯಲ್ಲಿ ‘ಉಲೆಜಿ’ ಅಂತ ಕೇಳಿ. ರಾಗಿ! ರಾಗಿಯ ತವರೇ ಪೂರ್ವ ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ನಮ್ಮಲ್ಲಿಗೆ ಬಂದಿದ್ದು. ಅಲ್ಲಿ ಅದರ ಗಂಜಿಯೇ ಜಾಸ್ತಿ, ‘ಊಜಿ’ ಅಂತಾರೆ. ನಾನು ಒಂದು ಸಂಜೆ ಮುದ್ದೆ ತಿರುವಿದೆ. ಪಕ್ಕದ ಮನೆಯ ಅಜ್ಜಿ ನೋಡಿ, ನಮ್ಮಮ್ಮ ಹೀಗೇ ಮಾಡುತ್ತಿದ್ದಳು ಅಂದರು. ಅವರು ಚಿಕ್ಕ ಉಂಡೆ ಮಾಡಿ, ಹೆಬ್ಬೆರಳಲ್ಲಿ ಗುಳಿ ಮಾಡಿ, ಅದರಲ್ಲಿ ಸೊಪ್ಪು ತುಂಬಿ ಅಗಿಯುತ್ತಾರೆ. ನಾನು ನುಂಗಿದ್ದನ್ನು ನೋಡಿ ಬೆಚ್ಚಿಬಿದ್ದರು.

ದುಡ್ಡು ಕೇಳುತ್ತಾರೆ. ಅಲ್ಲಿ ಭಾರತೀಯರು ಅಂದರೆ ಪೇಟೆಯ ಅಂಗಡಿಯವರು ಅಂತ ತಿಳಿದವರು ಬಹಳ. ನಿಮ್ಮ ‘ದುಕಾ’ ಎಲ್ಲಿ ಅಂತ ನನ್ನನ್ನೂ ಕೇಳುತ್ತಿದ್ದರು. ದುಕಾ ಅಂದರೆ ಅಂಗಡಿ, ನಮ್ಮ ದುಕಾನೇ. ಗುಟ್ಟಾಗಿ ಒಬ್ಬರಿಗೆ ಕೊಡಬೇಡಿ, ಸಂಬಂಧ ಕೆಡುತ್ತೆ. ಮಕ್ಕಳ ಪುಸ್ತಕ, ಸಮವಸ್ತ್ರ ಅಂದರೆ ಮುಖ್ಯೋಪಾಧ್ಯಾಯರ ಮೂಲಕ ಕೊಡಿ. ಮ್ಚಾಂಗೊ ಬಂದಾಗ ತಪ್ಪಿಸಬೇಡಿ.

ಕೇಳಿದವರು:

ಅಕ್ಕ, ಆ ಪುಸ್ತಕದಲ್ಲಿ ನಿಮಗೂ ಯಾವಾಗಲಾದರೂ ಬಂತಾ?

ಮಂಡ್ಯದ ಶಿಕ್ಷಕಿ:

ಬಂತು. ಎರಡನೇ ವರ್ಷ ಆಗಸ್ಟ್‌ನಲ್ಲಿ ನಮ್ಮಜ್ಜಿ ತೀರಿಕೊಂಡರು. ನನ್ನನ್ನು ಸಾಕಿದವರು. ಮಣ್ಣಿಗೆ ಹೋಗೋಕೆ ಆಗಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗಿ ಯಾರಿಗೋ ಒಬ್ಬರಿಗೆ ಹೇಳಿದೆ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ನನ್ನ ಮನೆ ಅಂಗಳದಲ್ಲಿ ಚಾಪೆ ಹಾಸಿದ್ದರು. ಹೆಂಗಸರು ಹಿಟ್ಟು ತಂದಿದ್ದರು, ಮೂರು ಕಲ್ಲು ಇಟ್ಟು ಒಲೆ ಹೂಡಿದ್ದರು. ಒಬ್ಬೊಬ್ಬರೇ ಬಂದು ಕೈ ಹಿಡಿದು ‘ಪೋಲೆ ಸಾನಾ’, ತುಂಬಾ ದುಃಖವಾಯ್ತು ಅಂದರು. ಕುರ್ಚಿ ಯಾರೂ ತರಲಿಲ್ಲ, ನಾನೂ ಚಾಪೆ ಮೇಲೇ ಕೂತೆ. ಸಂಜೆ ಆ ನೋಟ್‌ಬುಕ್ ಬಂತು, ಮೇಲೆ ನನ್ನ ಹೆಸರು, ಕೆಳಗೆ ಮೂವತ್ತಕ್ಕೂ ಜಾಸ್ತಿ ಹೆಸರು. ಮೂಲೆಯಲ್ಲಿ ನಾಲ್ಕು ವಿದ್ಯಾರ್ಥಿನಿಯರ ಹೆಸರೂ ಇತ್ತು.

ಬೇಡ ಅನ್ನೋಕೆ ಬಾಯಿ ತೆರೆದೆ. ಪಕ್ಕದ ಮನೆಯ ಅಜ್ಜಿ ನನ್ನ ಕೈ ಒತ್ತಿದರು. ತಗೊಂಡೆ. ಬಂದವರಿಗೆ ಊಟ ಹಾಕಬೇಕಲ್ಲ, ಅದರಲ್ಲೇ ಅಕ್ಕಿ, ಸಕ್ಕರೆ, ಟೀ ಪುಡಿ ತರಿಸಿದೆ. ರಾತ್ರಿ ಹತ್ತರವರೆಗೂ ಅಂಗಳದಲ್ಲಿ ಒಲೆ ಉರಿಯುತ್ತಿತ್ತು.